ಟಿ3 ಕೊಟ್ಟರೂ ಜೀನ್ ಏಳದಿದ್ದಾಗ: ಹೈಬ್ರಿಡ್ ಕೋಶಗಳ ಜೊತೆ ನನ್ನ ಅನುಭವ

ಜಿಎಚ್3 ಕೋಶಗಳು ರ್ಯಾಟ್‌ನ ಪಿಟ್ಯುಟರಿ ಗಡ್ಡೆಯಿಂದ ಬಂದವು. ಇವಕ್ಕೆ ಥೈರಾಯ್ಡ್ ಹಾರ್ಮೋನ್ ಟಿ3 ಕೊಟ್ಟರೆ ಗ್ರೋತ್ ಹಾರ್ಮೋನ್ ತಯಾರಿಕೆ ಜೋರಾಗಿ ಏರುತ್ತದೆ. ಇದೇ ಕೋಶವನ್ನು ಮೌಸ್‌ನ ಎಲ್ ಫೈಬ್ರೊಬ್ಲಾಸ್ಟ್ (ಅಂಗಾಂಶಕ್ಕೆ ಆಧಾರ ಕೊಡುವ ಬಗೆಯ ಕೋಶ) ಜೊತೆ ಬೆಸೆದು ನೋಡಿ. ಹುಟ್ಟಿದ ಹೈಬ್ರಿಡ್‌ನಲ್ಲಿ ಗ್ರೋತ್ ಹಾರ್ಮೋನ್ ನಿಂತೇಹೋಗುತ್ತದೆ. ಹಾಗಾದರೆ ಟಿ3 ರಿಸೆಪ್ಟರ್ (ಟಿ3 ಹಿಡಿದು ಜೀನ್ ಎಬ್ಬಿಸುವ ಪ್ರೋಟೀನ್) ಮಾಯವಾಯಿತಾ, ಅಥವಾ ರಿಸೆಪ್ಟರ್ ಇದ್ದೂ ಬೇರೆ ಎಲ್ಲೋ ಕೆಲಸ ಕೆಟ್ಟಿದೆಯಾ? ನನ್ನ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಬೆಸೆಯುವ ಮೊದಲು ಎರಡೂ ಕೋಶಗಳಿಗೆ ಗುರುತು ಬೇಕು. ಎಲ್ ಕೋಶದಲ್ಲಿ ಥೈಮಿಡಿನ್ ಕೈನೇಸ್ ಎಂಬ ಎಂಜೈಮ್ ಇಲ್ಲದ ತಳಿ ಸಿದ್ಧವಾಗಿ ಸಿಗುತ್ತದೆ. ಜಿಎಚ್3 ಅನ್ನು 6-ಥಯೊಗ್ವಾನಿನ್‌ನಲ್ಲಿ (ಎಚ್‌ಪಿಆರ್‌ಟಿ ಇರುವ ಕೋಶಕ್ಕೆ ಇದು ವಿಷ) ಬೆಳೆಸಿ, ಎಚ್‌ಪಿಆರ್‌ಟಿ ಎಂಜೈಮ್ ಇಲ್ಲದ್ದನ್ನು ಆರಿಸಿಕೊಂಡೆ. ಆಮೇಲೆ ಹ್ಯಾಟ್ ಮಾಧ್ಯಮದಲ್ಲಿ (ಇದರಲ್ಲಿ ಬದುಕಲು ಎರಡೂ ಎಂಜೈಮ್ ಬೇಕು) ಎರಡು ಪೋಷಕ ಕೋಶಗಳೂ ಸಾಯುತ್ತವೆ. ಇಬ್ಬರ ಎಂಜೈಮ್‌ಗಳೂ ಕೂಡಿದ ಹೈಬ್ರಿಡ್ ಮಾತ್ರ ಉಳಿಯುತ್ತದೆ.

ಬೆಸೆಯುವುದಕ್ಕೆ ಪಾಲಿಎಥಿಲಿನ್ ಗ್ಲೈಕಾಲ್, ಅಂದರೆ ಪೆಗ್. ಬೆಚ್ಚಗಿದ್ದಾಗ ಎಳೆ ಪಾಕದ ಹಾಗೆ ಇರುತ್ತದೆ. ಎರಡೂ ಕೋಶಗಳನ್ನು ಹಿಂದಿನ ದಿನವೇ ಒಂದೇ ಡಿಶ್‌ನಲ್ಲಿ ಒತ್ತೊತ್ತಾಗಿ ಹಾಕಿ, ಮರುದಿನ ಸೀರಂ ಚೆನ್ನಾಗಿ ತೊಳೆದು, ಪೆಗ್ ಸುರಿದು ಸುಮಾರು ಒಂದು ನಿಮಿಷ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೋಶಗಳೇ ಹೋಗುತ್ತವೆ. ತಕ್ಷಣ ಸೀರಂ ಇಲ್ಲದ ಮಾಧ್ಯಮದಲ್ಲಿ ಮತ್ತೆ ಮತ್ತೆ ತೊಳೆಯಬೇಕು, ಆದರೆ ರಭಸ ಬೇಡ. ಜಿಎಚ್3 ಮೊದಲೇ ತಳಕ್ಕೆ ಸಡಿಲವಾಗಿ ಅಂಟಿರುತ್ತದೆ, ಪಿಪೆಟ್ ಜೋರಾದರೆ ಎದ್ದುಬಂದುಬಿಡುತ್ತದೆ. ಒಂದು ದಿನ ಸುಧಾರಿಸಿಕೊಳ್ಳಲು ಬಿಟ್ಟು ಹ್ಯಾಟ್ ಹಾಕಿ.

ಕಾಲೊನಿ ಕಂಡಿತು ಅಂತ ಖುಷಿಪಡಬೇಡಿ. ಎಂಜೈಮ್ ಮರಳಿ ಪಡೆದ ಪೋಷಕ ಕೋಶವೂ ಹ್ಯಾಟ್‌ನಲ್ಲಿ ಬದುಕುತ್ತದೆ. ಕ್ರೋಮೋಸೋಮ್ ಹರಡಿ ಹೋಕ್ಸ್ಟ್ 33258 ಎಂಬ ಹೊಳೆಯುವ ಬಣ್ಣ ಹಾಕಿದರೆ ಮೌಸ್ ಕ್ರೋಮೋಸೋಮ್‌ಗಳ ಸೆಂಟ್ರೊಮಿಯರ್ (ಎರಡು ಎಳೆ ಕೂಡುವ ಜಾಗ) ಹೊಳೆಯುತ್ತದೆ, ರ್ಯಾಟ್‌ನದ್ದು ಹಾಗೆ ಹೊಳೆಯುವುದಿಲ್ಲ. ಒಂದೇ ಕೋಶದಲ್ಲಿ ಎರಡೂ ಕಂಡರೆ ಮಾತ್ರ ಮುಂದಕ್ಕೆ.

ನನ್ನ ಮಟ್ಟಿಗೆ ಇಡೀ ಕೆಲಸ ನಿಂತಿರುವುದು ಸೀರಂ ಮೇಲೆ. ಕರುವಿನ ಸೀರಂನಲ್ಲೇ ಟಿ3, ಟಿ4 (ಥೈರಾಯ್ಡ್‌ನ ಇನ್ನೊಂದು ಹಾರ್ಮೋನ್) ಎರಡೂ ಇರುತ್ತವೆ. ಸುಮ್ನೆ ಅದನ್ನೇ ಹಾಕಿ 'ಹಾರ್ಮೋನ್ ಇಲ್ಲದ ಕಂಟ್ರೋಲ್' ಅಂದರೆ ಅರ್ಥವಿಲ್ಲ, ಅಲ್ವಾ? ಈ ಹಾರ್ಮೋನ್‌ಗಳನ್ನು ಹಿಡಿದಿಟ್ಟುಕೊಳ್ಳುವ ಅಯಾನ್ ವಿನಿಮಯ ರೆಸಿನ್ ಜೊತೆ ಕಲಸಿಟ್ಟು, ರೆಸಿನ್ ತೆಗೆದು, ಫಿಲ್ಟರ್ ಮಾಡಿಯೇ ನಾನು ಬಳಸುತ್ತಿದ್ದೆ. ಟಿ4 ಕೂಡ ಹೋಗಲೇಬೇಕು, ಅದನ್ನು ಟಿ3 ಮಾಡಿಕೊಳ್ಳುವ ಎಂಜೈಮ್ ಕೋಶದಲ್ಲೇ ಇರಬಹುದು. ಇನ್ನೊಂದು ಕಾರಣವೂ ಇದೆ. ಈ ಪಿಟ್ಯುಟರಿ ಕೋಶಗಳಲ್ಲಿ ಟಿ3 ತನ್ನದೇ ರಿಸೆಪ್ಟರ್ ಸಂಖ್ಯೆಯನ್ನು ಇಳಿಸುತ್ತದೆ. ಮಾಮೂಲಿ ಸೀರಂನಲ್ಲಿ ಬೆಳೆದ ಕೋಶದಲ್ಲಿ ರಿಸೆಪ್ಟರ್ ಎಣಿಸಿದರೆ ಲೆಕ್ಕ ಕಡಿಮೆ ಬಂದು ದಾರಿ ತಪ್ಪಿಸುತ್ತದೆ. ಪೋಷಕ ಜಿಎಚ್3 ಅನ್ನು ಅದೇ ಬಾಟಲಿಯ ಸೀರಂನಲ್ಲಿ ಅದೇ ದಿನ ಇಟ್ಟು ನೋಡದೆ ಹೈಬ್ರಿಡ್ ಬಗ್ಗೆ ನಾನು ಬಾಯಿ ಬಿಡುತ್ತಿರಲಿಲ್ಲ.

ರಿಸೆಪ್ಟರ್ ಎಣಿಸುವುದಕ್ಕೆ ವಿಕಿರಣ ಸೂಸುವ ಅಯೋಡಿನ್-125 ಹಚ್ಚಿದ ಟಿ3. ಜೀವಂತ ಕೋಶಗಳಿಗೆ 37 ಡಿಗ್ರಿಯಲ್ಲಿ ಕೊಟ್ಟು, ಟ್ರೈಟಾನ್ ಎಂಬ ಡಿಟರ್ಜೆಂಟ್‌ನಿಂದ ನ್ಯೂಕ್ಲಿಯಸ್ ಬೇರ್ಪಡಿಸಿ, ವಿಕಿರಣ ಅಳೆಯುವ ಗ್ಯಾಮಾ ಕೌಂಟರ್‌ಗೆ. ಪಕ್ಕದಲ್ಲೇ ಇನ್ನೊಂದು ಸೆಟ್‌ಗೆ ವಿಕಿರಣವಿಲ್ಲದ ಟಿ3 ಹಲವು ನೂರು ಪಟ್ಟು ಸೇರಿಸಿ, ಆಗಲೂ ಅಂಟಿ ಉಳಿದದ್ದನ್ನು ಕಳೆಯಬೇಕು. ಅಯೋಡಿನ್-125ರ ಅರ್ಧಾಯುಷ್ಯ ಸುಮಾರು 60 ದಿನ, ಆದ್ದರಿಂದ ಹಳೇ ಬಾಟಲಿ ನಂಬಬಾರದು. ನನ್ನ ಹೈಬ್ರಿಡ್‌ಗಳಲ್ಲಿ ರಿಸೆಪ್ಟರ್ ಇತ್ತು. ಗ್ರೋತ್ ಹಾರ್ಮೋನ್ ಮಾತ್ರ ಇರಲಿಲ್ಲ.

ಆದರೆ ಟಿ3 ಅಂಟಿದ ಮಾತ್ರಕ್ಕೆ ರಿಸೆಪ್ಟರ್ ಕೆಲಸ ಮಾಡುತ್ತಿದೆ ಅಂತಲ್ಲ. ಅದಕ್ಕೆ ಟಿ3 ರಿಸೆಪ್ಟರ್ ಕೂರುವ ಡಿಎನ್‌ಎ ತುಣುಕು ಜೋಡಿಸಿದ ರಿಪೋರ್ಟರ್ ಜೀನ್ (ಎದ್ದಿತೋ ಇಲ್ಲವೋ ಸುಲಭವಾಗಿ ಅಳೆಯಬಹುದಾದ ಜೀನ್) ಅನ್ನು ಹೈಬ್ರಿಡ್‌ಗೆ ಹಾಕಿದೆ. ಟಿ3 ಕೊಟ್ಟಾಗ ಅದು ಎದ್ದಿತು. ಅಂದರೆ ರಿಸೆಪ್ಟರ್ ಬರೀ ಇರುವುದಲ್ಲ, ದುಡಿಯುತ್ತಲೂ ಇದೆ. ಗ್ರೋತ್ ಹಾರ್ಮೋನ್ ಜೀನ್‌ನ ಪ್ರೊಮೋಟರ್‌ಗೆ (ಜೀನ್ ಎಬ್ಬಿಸುವ ಡಿಎನ್‌ಎ ಭಾಗ) ಟಿ3 ರಿಸೆಪ್ಟರ್ ಜೊತೆ ಪಿಟ್-1 ಎಂಬ ಪಿಟ್ಯುಟರಿ ಪ್ರೋಟೀನ್ ಕೂಡ ಬೇಕು. ಇಂಥ ಹೈಬ್ರಿಡ್‌ಗಳಲ್ಲಿ ಪಿಟ್-1 ಅಡಗಿಹೋಗುತ್ತದೆ ಅಂತ 1988ರಲ್ಲೇ ತೋರಿಸಿದ್ದರು, ಆಗ ಅದನ್ನು ಜಿಎಚ್‌ಎಫ್-1 ಅನ್ನುತ್ತಿದ್ದರು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟೇ: ಗ್ರೋತ್ ಹಾರ್ಮೋನ್ ಬರಲಿಲ್ಲ ಅಂತ ರಿಸೆಪ್ಟರ್ ಮೇಲೆ ತಪ್ಪು ಹೊರಿಸುವ ಮೊದಲು, ರಿಪೋರ್ಟರ್ ಹಾಕಿದ ಒಂದು ಡಿಶ್ ಪಕ್ಕದಲ್ಲಿಟ್ಟುಕೊಳ್ಳಿ.