ಸಿನಿಮಾ ಊಟದ ಬಗ್ಗೆ ಬರೆಯೋಕೆ ಶುರು ಮಾಡಿ ಒಂದು ವರ್ಷ, ಅದಕ್ಕೆ ನಾನು ಮಾಡಿದ ಅಡುಗೆ

ಸಿನಿಮಾದಲ್ಲಿ ಬರೋ ಊಟ ತಿಂಡಿ ಬಗ್ಗೆ ಬರೆಯೋಕೆ ಶುರು ಮಾಡಿ ಈಗ ಒಂದು ವರ್ಷ ತುಂಬ್ತು. ಕೇಕ್ ಕಟ್ ಮಾಡಿ ಅಂತ ಓದೋರು ಕೆಲವರು ಹೇಳಿದ್ರು, ಆದ್ರೆ ವರ್ಷಪೂರ್ತಿ ಒಲೆ ಮುಂದೆ ನಿಂತೋರ ಬಗ್ಗೆ ಬರೆದು ಕೊನೆಗೆ ಬೇಕರಿ ಕೇಕ್ ತರೋದು ನಂಗೆ ಒಪ್ಪಿಗೆ ಆಗ್ಲಿಲ್ಲ. ಹಂಗಾಗಿ ಬರೆದ ಸಿನಿಮಾಗಳಲ್ಲೇ ಕೆಲವು ಆರಿಸ್ಕೊಂಡು, ಅದರಲ್ಲಿರೋ ಅಡುಗೆ ಮನೇಲಿ ಮಾಡಿ, ಅಮ್ಮ, ಅಕ್ಕ, ಭಾವ, ಮಂಡ್ಯ ಕಡೆಯ ಒಬ್ಬ ಗೆಳತಿ, ಪಕ್ಕದ ಮನೆಯವರು ಎಲ್ಲರನ್ನೂ ಕರೆದು ಬಡಿಸೋಣ ಅಂತ ತೀರ್ಮಾನ ಮಾಡ್ದೆ. ಅದನ್ನ ಹೆಂಗೆ ಮಾಡ್ದೆ, ಯಾವುದು ತಗೊಂಡೆ, ಯಾವುದು ಬಿಟ್ಟೆ ಅಂತ ಬರೀತೀನಿ, ನೀವೂ ಮಾಡ್ಬೇಕು ಅಂದ್ಕೊಂಡಿದ್ರೆ ಉಪಯೋಗಕ್ಕೆ ಬರುತ್ತೆ.

ಮೊದಲು ನಾನು ನೋಡೋ ಕ್ರಮ ಹೇಳ್ಬಿಡ್ತೀನಿ. ಸಿನಿಮಾನ ಒಂದು ಸಲ ಎಲ್ಲರ ಹಾಗೆ ನೋಡ್ತೀನಿ. ಆಮೇಲೆ ಊಟದ ದೃಶ್ಯಗಳನ್ನ ಮಾತ್ರ ಸೌಂಡ್ ತೆಗೆದು ನೋಡ್ತೀನಿ, ಆಗ ಮಾತಿನ ಕಡೆ ಗಮನ ಹೋಗಲ್ಲ, ಕೈಗಳು ಕಾಣುತ್ತೆ, ಯಾರು ಹೆಚ್ಚಿದ್ದು, ಯಾರು ಬಡಿಸಿದ್ದು, ಯಾರು ಕೊನೆಗೆ ಕೂತಿದ್ದು, ತಟ್ಟೆ ಎತ್ತಿದ್ದು ಯಾರು. ನಟರು ನಿಜವಾಗ್ಲೂ ನುಂಗ್ತಿದಾರಾ ಅಂತಲೂ ನೋಡ್ತೀನಿ, ಯಾಕಂದ್ರೆ ಒಂದೇ ಶಾಟ್ ಮತ್ತೆ ಮತ್ತೆ ತೆಗೆಯೋವಾಗ ಪ್ರತಿ ಸಲ ತಿನ್ನಕ್ಕಾಗಲ್ಲ ಅಂತ ಬಹಳ ನಟರು ತಟ್ಟೇಲಿ ಬೆರಳಾಡಿಸ್ತಾ ಕೂರ್ತಾರೆ, ತುತ್ತು ಬಾಯಿಗೆ ಹೋಗೋದೇ ಇಲ್ಲ. ರಿತೇಶ್ ಬಾತ್ರಾ ಅವರ ದಿ ಲಂಚ್‌ಬಾಕ್ಸ್ (2013) ನೋಡಿ, ಇರ್ಫಾನ್ ಖಾನ್ ಡಬ್ಬಿ ತೆಗೆದು ವಾಸನೆ ನೋಡಿ ತಿನ್ನೋ ರೀತಿಯಲ್ಲೇ ಆ ಮನುಷ್ಯ ಎಷ್ಟು ಕಾಲದಿಂದ ಒಬ್ಬನೇ ಇದಾನೆ ಅಂತ ಗೊತ್ತಾಗಿಬಿಡುತ್ತೆ. ಅದೇ ಸಿನಿಮಾದಲ್ಲಿ ನವಾಜುದ್ದೀನ್ ಸಿದ್ದಿಕಿ ಲೋಕಲ್ ಟ್ರೇನಲ್ಲಿ ಕೂತು ಆಫೀಸ್ ಫೈಲ್ ಮೇಲೆ ತರಕಾರಿ ಹೆಚ್ತಾನೆ, ಮನೆಗೆ ಹೋದ ತಕ್ಷಣ ಒಲೆ ಹಚ್ಚಬೇಕಲ್ಲ ಅದಕ್ಕೆ. ಮುಂಬೈಯಲ್ಲಿ ಕೆಲಸಕ್ಕೆ ಹೋಗಿ ಬರೋರ ಒಂದು ದಿನ ಎಷ್ಟು ಉದ್ದ ಅಂತ ಹೇಳೋಕೆ ಅದೊಂದು ದೃಶ್ಯ ಸಾಕು.

ಮೂರನೇದು, ಅದೇ ಅಡುಗೆ ನಾನು ಮಾಡಿ ನೋಡೋದು. ಈ ಒಂದು ವರ್ಷದಲ್ಲಿ ನಾನು ಗಟ್ಟಿಯಾಗಿ ನಂಬಿರೋ ಮಾತು ಅಂದ್ರೆ ಇದೇ: ತೆರೆ ಮೇಲೆ ಎರಡು ನಿಮಿಷದಲ್ಲಿ ಮುಗಿಯೋ ಅಡುಗೆನ ನಾವು ಮಾಡೋಕೆ ನಿಂತಾಗಲೇ ಕತ್ತರಿಸಿ ಹಾಕಿರೋ ಹೊತ್ತು ಎಷ್ಟು ಅಂತ ಗೊತ್ತಾಗೋದು. ಒಳ್ಳೆ ನಿರ್ದೇಶಕರು ಆ ಹೊತ್ತಲ್ಲಿ ಸ್ವಲ್ಪವನ್ನಾದ್ರೂ ಉಳಿಸ್ಕೊಳ್ತಾರೆ. ಆಂಗ್ ಲೀ ಅವರ ಈಟ್ ಡ್ರಿಂಕ್ ಮ್ಯಾನ್ ವುಮನ್ (1994) ಶುರುವಾಗೋದೇ ತೈಪೆಯ ಒಬ್ಬ ವಯಸ್ಸಾದ ಬಾಣಸಿಗ ಮೂರು ಹೆಣ್ಣುಮಕ್ಕಳಿಗೆ ಭಾನುವಾರದ ಊಟ ಮಾಡೋದ್ರಿಂದ, ಮೀನು, ಕೋಳಿ, ಹಂದಿಮಾಂಸ, ಒಂದಾದ ಮೇಲೊಂದು. ಆಮೇಲೆ ಗೊತ್ತಾಗುತ್ತೆ ಆತನಿಗೆ ನಾಲಿಗೆ ರುಚಿನೇ ಹೋಗಿದೆ ಅಂತ. ಆ ಮೊದಲ ನಿಮಿಷಗಳನ್ನ ಅಷ್ಟು ಚೆನ್ನಾಗಿ ತೋರಿಸಿಲ್ದೇ ಇದ್ದಿದ್ರೆ ಈ ಸುದ್ದಿ ನಮಗೆ ಅಷ್ಟು ತಟ್ಟುತ್ತಾನೇ ಇರ್ಲಿಲ್ಲ.

ಬಿಟ್ಟಿದ್ದೇ ಜಾಸ್ತಿ. ಗೇಬ್ರಿಯಲ್ ಆಕ್ಸೆಲ್ ಅವರ ಡ್ಯಾನಿಶ್ ಸಿನಿಮಾ ಬ್ಯಾಬೆಟ್ಸ್ ಫೀಸ್ಟ್ (1987) ನಂಗೆ ಜೀವ, ಲಾಟರಿಯಲ್ಲಿ ಬಂದ 10,000 ಫ್ರಾಂಕ್ ಪೂರ್ತಿ ಸುರಿದು 12 ಜನಕ್ಕೆ ಒಂದೇ ಒಂದು ಊಟ ಹಾಕ್ತಾಳೆ ಅಡುಗೆ ಮಾಡೋ ಬ್ಯಾಬೆಟ್. ಆದ್ರೆ ಅದರಲ್ಲಿರೋದು ಆಮೆ ಸೂಪು, ಗೌಜಲಕ್ಕಿ, ನಮ್ಮನೇಲಿ ಯೋಚನೆ ಮಾಡೋ ಮಾತೇ ಅಲ್ಲ. ಬಿಗ್ ನೈಟ್ (1996) ಅಲ್ಲಿ ಬರೋ ಟಿಂಪಾನೋ ಅಂತ ದೊಡ್ಡ ಡೋಲು ಥರದ ಇಟಾಲಿಯನ್ ಅಡುಗೆ ಇದೆ, ಹಿಟ್ಟಿನ ಹೊದಿಕೆ ಒಳಗೆ ಪಾಸ್ತಾ, ಮಾಂಸದುಂಡೆ, ಮೊಟ್ಟೆ ಎಲ್ಲಾ ತುಂಬಿ ಬೇಯಿಸೋದು, ಅದಕ್ಕೆ ನಮ್ಮ ಸಣ್ಣ ಓವನ್ ಸಾಲಲ್ಲ. ಅಪರೂಪದ ಸಾಮಾನು ಬೇಕಾಗೋದೆಲ್ಲ ತೆಗೆದುಹಾಕಿ, ದಿನಸಿ ಅಂಗಡಿ, ಮಾಂಸದಂಗಡಿ, ಒಂದು ಸೂಪರ್ ಮಾರ್ಕೆಟ್ ಇಷ್ಟರಲ್ಲೇ ಮುಗಿಯೋ ಅಡುಗೆ ಇಟ್ಕೊಂಡೆ.

ಮೊದಲು ಬಡಿಸಿದ್ದು ಒಚಾಜುಕೆ. ಅಂದ್ರೆ ಅನ್ನದ ಮೇಲೆ ಬಿಸಿ ಹಸಿರು ಚಹಾ ಹುಯ್ಕೊಂಡು ಉಪ್ಪಿನಕಾಯಿ ಜೊತೆ ತಿನ್ನೋ ಜಪಾನಿನ ಮನೆ ಊಟ. ಯಾಸುಜಿರೊ ಓಜು 1952ರಲ್ಲಿ ಇದರ ಹೆಸರಲ್ಲೇ ಒಂದು ಸಿನಿಮಾ ಮಾಡಿದಾರೆ. ಗಂಡ ಹಳ್ಳಿ ಕಡೆಯೋನು, ಅನ್ನಕ್ಕೆ ಸಾರು ಸುರ್ಕೊಂಡು ಸೊರ ಸೊರ ಅಂತ ತಿಂತಾನೆ, ಶ್ರೀಮಂತರ ಮನೆ ಹುಡುಗಿಯಾದ ಹೆಂಡತಿಗೆ ಅದು ಕಂಡ್ರೆ ಆಗಲ್ಲ, ಮದುವೆನೇ ಮುರಿದು ಬೀಳೋ ಹಂಗಿರುತ್ತೆ. ಗಂಡ ದೂರದೇಶಕ್ಕೆ ಹೊರಟ ವಿಮಾನ ಕೆಟ್ಟು ವಾಪಸ್ ಬರುತ್ತೆ, ರಾತ್ರಿ ಹೊತ್ತಲ್ಲಿ ಮನೆಗೆ ಬರ್ತಾನೆ, ಇಬ್ಬರಿಗೂ ಹಸಿವು, ಕೆಲಸದವಳು ಮಲಗಿದಾಳೆ, ಎಬ್ಬಿಸೋದು ಬೇಡ ಅಂತ ಇಬ್ಬರೂ ಅಡುಗೆಮನೆಗೆ ಹೋಗ್ತಾರೆ. ಎಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿಲ್ಲ! ಅನ್ನ ಎಲ್ಲಿ, ಉಪ್ಪಿನಕಾಯಿ ಎಲ್ಲಿ ಅಂತ ಒಂದೊಂದೇ ಮುಚ್ಚಳ ತೆಗೆದು ನೋಡೋ ಆ ದೃಶ್ಯವನ್ನ ಓಜು ಒಂಚೂರೂ ಅವಸರ ಇಲ್ದೆ ಬಿಡ್ತಾರೆ. ಅವರ ಮನೇಲಿ ಅವರು ಮೊದಲನೇ ಸಲ ಜೊತೆಯಾಗಿ ಮಾಡೋ ಕೆಲಸ ಅದು ಅನ್ನಿಸುತ್ತೆ ನಂಗೆ.

ಮಾಡೋದು ಸುಲಭ ಆದ್ರೂ ನೀರಿನ ಕಡೆ ಗಮನ ಇರ್ಬೇಕು. ಹಸಿರು ಚಹಾಕ್ಕೆ ಕುದಿಯೋ ನೀರು ಹಾಕಿದ್ರೆ ಕಹಿ ಆಗುತ್ತೆ, ಕುದ್ದ ಮೇಲೆ ಕೆಳಗಿಳಿಸಿ 70-80 ಡಿಗ್ರಿಗೆ ಬರೋ ತನಕ ಕಾಯ್ಬೇಕು, ಎಲೆ ಒಂದೆರಡು ನಿಮಿಷ ಇದ್ರೆ ಸಾಕು. ನಿಂಬೆ, ಜೇನು ಅಂತ ಫ್ಲೇವರ್ ಇರೋ ಟೀ ಬ್ಯಾಗ್ ಬೇಡ್ವೇ ಬೇಡ. ಅಕ್ಕಿ ಸ್ವಲ್ಪ ಅಂಟೋ ಥರದ್ದಿದ್ರೆ ಒಳ್ಳೇದು, ನಾನು ದಪ್ಪಕ್ಕಿನೇ ತಗೊಂಡೆ. ಜಪಾನಿ ಉಪ್ಪಿನಕಾಯಿ ಜಾಗಕ್ಕೆ ಎಣ್ಣೆ ಖಾರ ಇರೋ ಮಾವಿನಕಾಯಿ ಹಾಕಿದ್ರೆ ಚಹಾದ ರುಚಿನೇ ಮುಳುಗಿಹೋಗುತ್ತೆ, ಅದಕ್ಕೆ ಅಮ್ಮ ಉಪ್ಪು ನೀರಲ್ಲಿ ಹಾಕಿಟ್ಟಿದ್ದ ನೆಲ್ಲಿಕಾಯಿ ಇಟ್ಟೆ, ಬಲು ಚೆನ್ನಾಗಿ ಹೊಂದ್ಕೊಂಡ್ತು. ಅಮ್ಮ ಮೊದಲು "ಏನೇ ಇದು, ಅನ್ನಕ್ಕೆ ಟೀ ಹುಯ್ತಿದೀಯಲ್ಲೇ" ಅಂದ್ರು, ಎರಡು ತುತ್ತು ತಿಂದ ಮೇಲೆ "ಜ್ವರ ಬಂದು ಬಿಟ್ಟಾಗ ಮಾಡೋ ಗಂಜಿ ಇದ್ದ ಹಾಗಿದೆ, ಹಿತವಾಗಿದೆ" ಅಂತ ಇನ್ನೊಂದು ಸ್ವಲ್ಪ ಹಾಕಿಸ್ಕೊಂಡ್ರು.

ಆಮೇಲೆ ಮುದ್ದೆ, ಮಟನ್ ಸಾರು. ಇದು ರಾಮ್ ರೆಡ್ಡಿ ಅವರ ತಿಥಿಗೋಸ್ಕರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದ, ಮಂಡ್ಯ ಕಡೆ ಹಳ್ಳಿಯ ಜನರೇ ಪಾತ್ರ ಮಾಡಿದ ಸಿನಿಮಾ. 101 ವರ್ಷದ ಸೆಂಚುರಿ ಗೌಡ ತೀರಿಕೊಂಡ ಮೇಲೆ ಹನ್ನೊಂದನೇ ದಿನದ ಊಟ ಹಾಕ್ಬೇಕು, ಇಡೀ ಸಿನಿಮಾ ಆ ಊಟದ ಕಡೆಗೆ ನಡೆಯುತ್ತೆ. ದುಡ್ಡೆಲ್ಲಿಂದ, ಕುರಿ ಎಲ್ಲಿಂದ, ಜಮೀನು ಯಾರ ಹೆಸರಲ್ಲಿ, ಎಲ್ಲಾ ಅದಕ್ಕೇ ಬಂದು ಸುತ್ಕೊಳ್ಳುತ್ತೆ. ಪ್ರಪಂಚದ ದೊಡ್ಡ ದೊಡ್ಡ ಊಟದ ಸಿನಿಮಾ ಅಂತ ಪಟ್ಟಿ ಮಾಡೋರು ಇದನ್ನ ಸೇರಿಸಲ್ಲ, ನಂಗೆ ಅದು ಬೇಜಾರು. ತಟ್ಟೇಲಿರೋ ಅಡುಗೆನ ಹತ್ತಿರದಿಂದ ಹೊಳೆಯೋ ಹಾಗೆ ತೋರಿಸಿದ್ರೆ ಮಾತ್ರ ಊಟದ ಸಿನಿಮಾನಾ? ನೂರಾರು ಜನಕ್ಕೆ ಊಟ ಹಾಕೋದು ಒಂದು ಮನೆಗೆ ಎಷ್ಟು ಭಾರ, ಎಷ್ಟು ಮರ್ಯಾದೆ ಪ್ರಶ್ನೆ ಅಂತ ಇಷ್ಟು ನೇರವಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ಸಾರಿನ ಜವಾಬ್ದಾರಿ ಮಂಡ್ಯದ ಗೆಳತಿದೇ. ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ ಬೇರೆ ಬೇರೆ ಹುರಿದು, ಈರುಳ್ಳಿ ಬೆಳ್ಳುಳ್ಳಿ ಕೆಂಪಗೆ ಬಾಡಿಸಿ, ಕಾಯಿ ಹಾಕಿ ನುಣ್ಣಗೆ ರುಬ್ಬಿದ್ಲು. ಕುಕ್ಕರಲ್ಲಿ ಬೇಡ, ಪಾತ್ರೆಲೇ ಬೇಯ್ಲಿ ಅಂತ ಹಠ ಮಾಡಿದ್ಲು, ಮಧ್ಯಾಹ್ನದಿಂದ ಒಲೆ ಹತ್ರನೇ ಇದ್ಲು ಪಾಪ.

ಇಲ್ಲಿಗೆ ಬಂದಾಗಲೇ ಇನ್ನೊಂದು ಸಿನಿಮಾ ಸೇರಿಸ್ಲೇಬೇಕು ಅನ್ನಿಸಿದ್ದು. ಜಿಯೋ ಬೇಬಿ ಅವರ ಮಲಯಾಳಂ ಸಿನಿಮಾ ದಿ ಗ್ರೇಟ್ ಇಂಡಿಯನ್ ಕಿಚನ್ (2021). ಅದರ ಅಡುಗೆ ಮಾಡಿ ಬಡಿಸೋದು ನಂಗೆ ಸರಿ ಅನ್ನಿಸ್ಲಿಲ್ಲ, ಆ ಸಿನಿಮಾದಲ್ಲಿ ಪುಟ್ಟು, ಸಾಂಬಾರು, ದೋಸೆ ಎಲ್ಲಾ ಕಣ್ಣಿಗೆ ಚೆಂದವಾಗೇ ಕಾಣುತ್ತೆ, ಆದ್ರೆ ಕತೆ ಇರೋದು ಸಿಂಕಿನ ಕೆಳಗೆ ಸೋರೋ ಪೈಪಲ್ಲಿ, ಗಂಡಸರು ತಿಂದು ಟೇಬಲ್ ಮೇಲೆ ಉಗಿದು ಹೋದ ನುಗ್ಗೆಕಾಯಿ ಸಿಪ್ಪೆಯಲ್ಲಿ. ಮಾವನಿಗೆ ಅನ್ನ ಸೌದೆ ಒಲೆಲೇ ಆಗ್ಬೇಕು, ಚಟ್ನಿ ಕಲ್ಲಲ್ಲೇ ರುಬ್ಬಬೇಕು. ಸೌಂಡ್ ತೆಗೆದು ನೋಡೋ ನನ್ನ ಕ್ರಮ ಈ ಸಿನಿಮಾಗೆ ನಡೆಯಲ್ಲ, ಯಾಕಂದ್ರೆ ಹೆಚ್ಚೋದು, ಉಜ್ಜೋದು, ನಲ್ಲಿ ನೀರು ಬೀಳೋದು, ಈ ಸದ್ದೇ ಅಲ್ಲಿ ಸಂಗೀತ. ಬೆಲ್ಜಿಯಂನ ಶಾಂತಲ್ ಅಕೆರ್‌ಮನ್ 1975ರಲ್ಲೇ ಜಾನ್ ಡೀಲ್‌ಮನ್ ಅನ್ನೋ 201 ನಿಮಿಷದ ಸಿನಿಮಾದಲ್ಲಿ ಒಬ್ಬ ತಾಯಿಯ ಮೂರು ದಿನಗಳ ಮನೆಗೆಲಸ ತೋರಿಸಿದ್ರು, ಆಲೂಗಡ್ಡೆ ಸಿಪ್ಪೆ ತೆಗೆಯೋದನ್ನೂ ಮಾಂಸದ ಕೈಮಾ ನಾದೋದನ್ನೂ ಕತ್ತರಿಸ್ದೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತೆ, ಅಷ್ಟೇ, ಪಾತ್ರೆ ಹಿಡ್ಕೊಂಡು ಏನು ಮಾಡ್ಬೇಕು ತಿಳೀದೆ ಮನೆಯೆಲ್ಲ ಓಡಾಡ್ತಾಳೆ, ನಮಗೆ ಎದೆ ಧಸಕ್ ಅನ್ನುತ್ತೆ. ಈ ಎರಡನ್ನೂ ನೋಡಿದೋರು ಬೇರೆ ಯಾವ ಊಟದ ದೃಶ್ಯವನ್ನೂ ಮೊದಲಿನ ಥರ ನೋಡಲ್ಲ.

ಆದ್ದರಿಂದ ಆವತ್ತಿನ ಪಂಕ್ತಿಯ ಕ್ರಮ ಬದಲಾಯ್ಸಿದ್ವಿ. ಅಡುಗೆ ಮಾಡಿದೋರು ಮೊದಲು ಕೂರೋದು, ನಾನು, ಗೆಳತಿ, ಬೆಳಗ್ಗೆಯಿಂದ ತರಕಾರಿ ಹೆಚ್ಚಿಕೊಟ್ಟ ಅಕ್ಕ, ಅಮ್ಮ. ಭಾವ, ನಮ್ಮ ಮನೆಯವರು, ಪಕ್ಕದ ಮನೆ ಅಂಕಲ್ ಬಡಿಸಿದ್ರು. ಅಮ್ಮಂಗೆ ಕೂತು ತಿನ್ನೋಕೆ ಕಷ್ಟ ಆಗ್ತಿತ್ತು, ಎದ್ದೆದ್ದು "ಅವರಿಗೆ ತುಪ್ಪ ಎಲ್ಲಿದೆ ಗೊತ್ತಿಲ್ಲ" ಅಂತಿದ್ರು, ಭಾವ "ಅತ್ತೆ, ನೀವು ಕೂತ್ಕೊಳಿ, ಹುಡುಕ್ತೀವಿ" ಅಂತ ಡಬ್ಬಿಗಳನ್ನ ತೆಗೆದು ನೋಡ್ತಿದ್ರು. ಪಾತ್ರೆ ತೊಳೆದಿದ್ದೂ ಅವರೇ. ಈ ಊಟದಲ್ಲಿ ನಂಗೆ ತುಂಬಾ ಸಮಾಧಾನ ಕೊಟ್ಟ ಭಾಗ ಇದು, ಒಂದು ವರ್ಷ "ಯಾರು ಕೊನೆಗೆ ತಿಂದ್ರು" ಅಂತ ಬರೆದು ನಮ್ಮನೇಲಿ ಅದನ್ನ ಕೇಳ್ದೇ ಇದ್ರೆ ಹೆಂಗೆ.

ಎಲ್ಲರೂ ಹೋದ ಮೇಲೆ ಬೆಳಗಿನ ಜಾವಕ್ಕೆ ಅಂತ ಇಟ್ಕೊಂಡಿದ್ದು ಆಮ್ಲೆಟ್, ಬಿಗ್ ನೈಟ್‌ದು. ಸ್ಟ್ಯಾನ್ಲಿ ಟುಚಿ, ಕ್ಯಾಂಪ್‌ಬೆಲ್ ಸ್ಕಾಟ್ ಸೇರಿ ನಿರ್ದೇಶಿಸಿದ ಸಿನಿಮಾ. ಅಣ್ಣತಮ್ಮ ಇಬ್ಬರು ಮುಳುಗ್ತಿರೋ ಹೋಟೆಲ್ ಉಳಿಸ್ಕೊಳ್ಳೋಕೆ ಒಬ್ಬ ದೊಡ್ಡ ಗಾಯಕ ಬರ್ತಾನೆ ಅಂತ ಭಾರೀ ಊಟ ಮಾಡ್ತಾರೆ, ಅವನು ಬರೋದೇ ಇಲ್ಲ, ರಾತ್ರಿ ಇಬ್ಬರಿಗೂ ದೊಡ್ಡ ಜಗಳ. ಬೆಳಗ್ಗೆ ತಮ್ಮ ಮೊಟ್ಟೆ ಒಡೆದು ಆಮ್ಲೆಟ್ ಮಾಡ್ತಾನೆ, ಅಣ್ಣನ ಪಾಲು ಬಾಣಲೇಲಿ ಉಳಿಸಿಟ್ಟು. ಒಂದೇ ಶಾಟು, ಕ್ಯಾಮೆರಾ ಹೆಚ್ಚುಕಮ್ಮಿ ನಿಂತಲ್ಲೇ, ಮಾತು ಇಲ್ಲವೇ ಇಲ್ಲ ಅನ್ನಬಹುದು, ಐದು ನಿಮಿಷದ ಹತ್ತಿರ. ಇಲ್ಲಿ ಅಡುಗೆಯ ಹೊತ್ತೂ ಸಿನಿಮಾದ ಹೊತ್ತೂ ಒಂದೇ, ನಾನು ಗಡಿಯಾರ ಇಟ್ಟು ಮಾಡಿದೆ, ಮೊಟ್ಟೆ ಒಡೆದು ಪ್ಲೇಟಿಗೆ ಹಾಕೋ ತನಕ ಅವರಿಗೂ ನನಗೂ ಬಹಳ ವ್ಯತ್ಯಾಸ ಬರಲ್ಲ. ಮೊಟ್ಟೆ, ಉಪ್ಪು, ಎಣ್ಣೆ ಬಿಟ್ರೆ ಏನೂ ಬೇಡ, ಈರುಳ್ಳಿ ಮೆಣಸಿನಕಾಯಿ ಹಾಕ್ಬೇಡಿ, ಉರಿ ಮಧ್ಯಮ ಇರ್ಲಿ. ಹೊಸದಾಗಿ ಶುರು ಮಾಡೋರು ಇದರಿಂದಲೇ ಶುರು ಮಾಡಿ ಅಂತ ನಾನು ಹೇಳೋದು.

ಎರಡನೇ ವರ್ಷಕ್ಕೆ ಹಸಿವಿನ ಬಗ್ಗೆ ಬರೆಯೋಣ ಅಂತಿದೀನಿ. ಊಟ ಇರೋ ಸಿನಿಮಾದಷ್ಟೇ ಊಟ ಇಲ್ಲದಿರೋ ಸಿನಿಮಾನೂ ನಮ್ಮ ವಿಷಯನೇ ಅಲ್ವಾ. ಚಾಪ್ಲಿನ್ ದಿ ಗೋಲ್ಡ್ ರಶ್ (1925) ಅಲ್ಲಿ ಬೂಟು ಬೇಯಿಸಿ ತಿಂತಾರಲ್ಲ, ಆ ಬೂಟನ್ನ ಮಾಡಿದ್ದು ಜೇಷ್ಠಮಧುವಿನ ಮಿಠಾಯಿಯಿಂದ, ಆದ್ರೂ ಲೇಸನ್ನ ಶಾವಿಗೆ ಥರ ಸುತ್ತಿ ತಿನ್ನೋದು ನೋಡಿದ್ರೆ ನಗುನೂ ಬರುತ್ತೆ ಹೊಟ್ಟೆನೂ ಚುರ್ ಅನ್ನುತ್ತೆ. ಪಥೇರ್ ಪಾಂಚಾಲಿ (1955) ಅಲ್ಲಿ ಮಿಠಾಯಿ ಮಾರೋನ ಹಿಂದೆ ಮಕ್ಕಳು, ಅವರ ಹಿಂದೆ ನಾಯಿ. ಕನ್ನಡದಲ್ಲಿ ಪಟ್ಟಾಭಿರಾಮ ರೆಡ್ಡಿ ಅವರ ಸಂಸ್ಕಾರ (1970) ಇಂದ ಶುರು ಮಾಡ್ತೀನಿ, ಅಗ್ರಹಾರದಲ್ಲಿ ಹೆಣ ಇದೆ, ಸಂಸ್ಕಾರ ಆಗೋ ತನಕ ಯಾರೂ ಉಣ್ಣೋ ಹಾಗಿಲ್ಲ, ಧರ್ಮದ ಪ್ರಶ್ನೆ ಜೊತೆಗೇ ಎಲ್ಲರ ಹೊಟ್ಟೆನೂ ಹಸೀತಿರುತ್ತೆ. ಇದನ್ನ ಅಡುಗೆ ಮಾಡಿ ನೋಡೋಕಾಗಲ್ಲ, ಹಿರಿಯರ ಹತ್ರ ಕೂತು ಸೂತಕದ ದಿನಗಳಲ್ಲಿ, ಬರದ ವರ್ಷಗಳಲ್ಲಿ ಮನೇಲಿ ಏನು ನಡೀತಿತ್ತು ಅಂತ ಕೇಳಿ ಬರ್ಕೋಬೇಕು. ಹಸಿವಿನ ದೃಶ್ಯ ಇರೋ ಹಳೇ ಕನ್ನಡ ಸಿನಿಮಾ ನಿಮಗೆ ನೆನಪಿದ್ರೆ ಹೇಳಿ, ಕಪ್ಪು ಬಿಳುಪಿನದಾದ್ರೂ ಸರಿ, ಎಲ್ಲಿ ನೋಡೋಕೆ ಸಿಗುತ್ತೆ ಅಂತ ನಾನೇ ಹುಡುಕ್ಕೊಳ್ತೀನಿ.