ಡೈರೆಕ್ಟರಿ ಫಂಕ್ಷನ್‌ಗಳನ್ನು ಚೊಕ್ಕ ಮಾಡಲು ಹೋಗಿ

ನಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಪೈಥಾನ್ ಫೈಲ್ ಇತ್ತು. ಫೋಲ್ಡರ್ (ಅದೇ ಡೈರೆಕ್ಟರಿ) ಮಾಡುವುದು, ಅಳಿಸುವುದು, ಕಾಪಿ ಮಾಡುವುದು, ಒಳಗೇನಿದೆ ಅಂತ ಪಟ್ಟಿ ಕೊಡುವುದು, ಇಂಥ ಸಣ್ಣಪುಟ್ಟ ಕೆಲಸದ ಫಂಕ್ಷನ್‌ಗಳೆಲ್ಲ ಅದರಲ್ಲೇ. ಬಂದವರೆಲ್ಲ ತಮಗೆ ಬೇಕಾದ್ದನ್ನು ಫೈಲಿನ ಕೊನೆಗೆ ಅಂಟಿಸಿ ಹೋಗಿದ್ದರು. ಮೇಲಿದ್ದದ್ದನ್ನು ಓದಿದವರು ಕಡಿಮೆ. ಹಾಗಾಗಿ ‘ಫೋಲ್ಡರ್ ಇಲ್ಲದಿದ್ದರೆ ಮಾಡು’ ಎನ್ನುವ ಒಂದೇ ಕೆಲಸಕ್ಕೆ ಮೂರು ಫಂಕ್ಷನ್ ಇದ್ದವು. ಒಂದರ ಹೆಸರಲ್ಲಿ ಅಂಡರ್‌ಸ್ಕೋರ್, ಇನ್ನೊಂದರಲ್ಲಿ ನಡುವೆ ದೊಡ್ಡಕ್ಷರ, ಮತ್ತೊಂದರ ಹೆಸರು ನೋಡಿದರೆ ಅದು ಫೋಲ್ಡರ್ ಮಾಡುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಕೂತು ಸ್ಟೈಲ್ ಸರಿ ಮಾಡಿಬಿಡೋಣ ಅಂದುಕೊಂಡೆ. ಬೇರೆ ಕೆಲಸದ ನಡುವೆ ಮೂರು ವಾರ ಹಿಡಿಯಿತು.

ಮೊದಲ ದಿನ ಮಾಡಿದ್ದು ಶುದ್ಧ ತಪ್ಪು. ಹೆಸರು ಬದಲಾಯಿಸಿದೆ, ಸಾಲು, ಅಂತರ ಒಪ್ಪ ಮಾಡುವ ಫಾರ್ಮ್ಯಾಟರ್ ಓಡಿಸಿದೆ, ಇಫ್ ಒಳಗೆ ಇಫ್ ಇದ್ದದ್ದನ್ನು ಬಿಡಿಸಿದೆ, ಪಾತ್, ಅಂದರೆ ಫೈಲ್ ಫೋಲ್ಡರ್‌ಗಳ ವಿಳಾಸ, ನೋಡಿಕೊಳ್ಳುವ ಹಳೆಯ ಓಎಸ್ ಡಾಟ್ ಪಾತ್ ತೆಗೆದು ಅದೇ ಕೆಲಸದ ಪಾತ್‌ಲಿಬ್ ಹಾಕಿದೆ. ಎಲ್ಲ ಒಂದೇ ಕಮಿಟ್, ಅಂದರೆ ಒಂದೇ ಗಂಟಾಗಿ ಉಳಿಸಿದ ಬದಲಾವಣೆ. ರಿವ್ಯೂಗೆ ಹಾಕಿದ ಅರ್ಧ ಗಂಟೆಗೇ ವಾಪಸ್ ಬಂತು. “ಫೈಲ್ ಪೂರ್ತಿ ಕೆಂಪು ಹಸಿರು ಆಗಿದೆ. ಇದರಲ್ಲಿ ಬರೀ ಅಂದಕ್ಕೆ ಮಾಡಿದ್ದು ಯಾವುದು, ನಡವಳಿಕೆ ಬದಲಾಗಿದ್ದು ಯಾವುದು ಅಂತ ಹೇಗೆ ಹುಡುಕಲಿ? ಬಿಡಿಸಿ ಕಳಿಸಿ” ಅಂತ ಸಹೋದ್ಯೋಗಿ ಬರೆದಿದ್ದರು. ಸಿಟ್ಟು ಬಂತು. ಆದರೆ ತೆಗೆದದ್ದನ್ನು ಕೆಂಪಲ್ಲಿ, ಸೇರಿಸಿದ್ದನ್ನು ಹಸಿರಲ್ಲಿ ತೋರಿಸುವ ಆ ಡಿಫ್ ತೆರೆದು ಕೂತಾಗ ನನಗೂ ಅದನ್ನು ಹೇಳಲು ಆಗಲಿಲ್ಲ. ಕಮಿಟ್ ಎಸೆದು ಮತ್ತೆ ಶುರು ಮಾಡಿದೆ.

ಈ ಸಲ ಫಾರ್ಮ್ಯಾಟರ್ ಒಂದಕ್ಕೇ ಒಂದು ಕಮಿಟ್. ನಾನು ಬಳಸಿದ್ದು ಬ್ಲ್ಯಾಕ್. ಅದು ಸಾಲು ಮುರಿಯುವುದು 88 ಅಕ್ಷರಕ್ಕೆ, ಪೈಥಾನ್‌ನ ಸ್ಟೈಲ್ ಮಾರ್ಗದರ್ಶಿ ಪೆಪ್ 8 ಹೇಳುವುದು 79. ಯಾವುದು ಸರಿ ಅಂತ ವಾದ ಮಾಡುವ ಉತ್ಸಾಹ ನನಗಿಲ್ಲ. ಒಂದು ಹಿಡಿಯಿರಿ, ಮುಂದೆ ಹೋಗಿ. ಬ್ಲ್ಯಾಕ್‌ನಲ್ಲಿ ನನಗೆ ಇಷ್ಟವಾದದ್ದು ಬೇರೆಯೇ: ಬದಲಾಯಿಸುವ ಮೊದಲು ಮತ್ತು ಆಮೇಲೆ ಕೋಡ್‌ನ ರಚನೆ ಒಂದೇ ಇದೆಯಾ ಅಂತ ಅದೇ ಹೋಲಿಸಿ ನೋಡುತ್ತದೆ. ಆ ಕಮಿಟ್ ಐಡಿಯನ್ನು ಒಂದು ಫೈಲಿಗೆ ಹಾಕಿ, ಬ್ಲೇಮ್ ಮಾಡುವಾಗ, ಅಂದರೆ ಯಾವ ಸಾಲು ಯಾರದ್ದು ಅಂತ ತೋರಿಸುವಾಗ, ಇದನ್ನು ಬಿಟ್ಟುಬಿಡು ಅಂತ ಕೋಡ್‌ನ ಇತಿಹಾಸ ಇಡುವ ಗಿಟ್‌ಗೆ ಹೇಳಿದೆ. ಈ ಸೌಲಭ್ಯ ಗಿಟ್ 2.23ರಿಂದ, ಅಂದರೆ 2019ರಿಂದ ಇದೆ. ಇಲ್ಲದಿದ್ದರೆ ಪ್ರತಿ ಸಾಲಿನ ಮುಂದೆಯೂ ನನ್ನ ಹೆಸರೇ ಬರುತ್ತಿತ್ತು. ನಾನು ಬರೆಯದ ಬಗ್‌ಗೆ ನಾನು ಉತ್ತರ ಹೇಳಬೇಕಾಗುತ್ತಿತ್ತು.

ಆಮೇಲೆ ಟೆಸ್ಟ್. ಇದ್ದ ಟೆಸ್ಟ್‌ಗಳು ಫೋಲ್ಡರ್ ಮಾಡಿ ‘ಇದೆಯಾ’ ಅಂತ ಕೇಳುವಷ್ಟಕ್ಕೇ ನಿಂತಿದ್ದವು. ಕಾಗದದ ಮೇಲೆ ಕಾಟ ಕೊಡುವ ಸಂದರ್ಭಗಳನ್ನು ಬರೆದುಕೊಂಡೆ. ಫೋಲ್ಡರ್ ಆಗಲೇ ಇದೆ. ಅದೇ ಹೆಸರಲ್ಲಿ ಫೋಲ್ಡರ್ ಅಲ್ಲ, ಫೈಲ್ ಇದೆ. ಪಾತ್ ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲ. ಕೊನೆಗೆ ಸ್ಲ್ಯಾಶ್ ಇದೆ. ಎಲ್ಲಿಗೂ ಹೋಗದ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈ ತೋರಿಸುವ ಲಿಂಕ್). ಬರೆಯಲು ಪರ್ಮಿಷನ್ ಇಲ್ಲ. ಟೆಸ್ಟ್ ಓಡಿಸುವ ಪೈಟೆಸ್ಟ್‌ನಲ್ಲಿ ಟಿಎಂಪಿ ಪಾತ್ ಎನ್ನುವ ತಾತ್ಕಾಲಿಕ ಫೋಲ್ಡರ್‌ನ ಸೌಲಭ್ಯ ಇದ್ದದ್ದರಿಂದ ಪ್ರತಿ ಟೆಸ್ಟ್‌ಗೂ ಹೊಸ ಫೋಲ್ಡರ್ ಸಿಗುತ್ತಿತ್ತು, ತೊಂದರೆ ಆಗಲಿಲ್ಲ. ಪರ್ಮಿಷನ್ ಟೆಸ್ಟ್ ಮಾತ್ರ ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಸಿಐನಲ್ಲಿ, ಅಂದರೆ ಸರ್ವರ್‌ನಲ್ಲಿ ತಾನಾಗಿ ಟೆಸ್ಟ್ ಓಡುವ ಕಡೆ, ಫೇಲ್. ಅಲ್ಲಿ ಟೆಸ್ಟ್ ಓಡುವ ಕಂಟೇನರ್ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ, ಓಡುತ್ತಿತ್ತು. ರೂಟ್‌ಗೆ ಯಾವ ಬಾಗಿಲು ಮುಚ್ಚಿರುತ್ತದೆ ಹೇಳಿ? ಅದು ಹೊಳೆಯಲು ಒಂದು ಮಧ್ಯಾಹ್ನ ಹೋಯಿತು.

ಈಗ ಆ ಮೂರು ಫಂಕ್ಷನ್‌ಗಳ ಸರದಿ. ಒಂದನೆಯದು ಫೋಲ್ಡರ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಮಾಡುತ್ತಿತ್ತು. ಓದಲು ಸಲೀಸು. ಆದರೆ ಕೇಳುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಸಂದಿ ಇದೆ. ಅದೇ ಹೊತ್ತಿಗೆ ಇನ್ನೊಂದು ಪ್ರಾಸೆಸ್ (ಓಡುತ್ತಿರುವ ಬೇರೆ ಪ್ರೋಗ್ರಾಂ) ಬಂದು ಆ ಫೋಲ್ಡರ್ ಮಾಡಿಬಿಟ್ಟರೆ ನಮ್ಮದು ಎರರ್ ಕೊಟ್ಟು ಬೀಳುತ್ತದೆ. ಮುರಿದ ಸಿಮ್‌ಲಿಂಕ್ ಇದ್ದರೆ ಇನ್ನೂ ತಮಾಷೆ. ಇದೆಯಾ ಅಂತ ನೋಡುವ ಎಕ್ಸಿಸ್ಟ್ಸ್ ‘ಇಲ್ಲ’ ಅನ್ನುತ್ತದೆ, ಮರುಗಳಿಗೆಯೇ ಫೋಲ್ಡರ್ ಮಾಡುವ ಎಂಕೆಡಿರ್ ‘ಆಗಲೇ ಇದೆ’ ಅನ್ನುತ್ತದೆ. ಎರಡೂ ಸುಳ್ಳಲ್ಲ. ಒಂದು ಲಿಂಕ್ ತೋರಿಸುವ ಜಾಗ ನೋಡುತ್ತದೆ, ಇನ್ನೊಂದು ಲಿಂಕನ್ನೇ ನೋಡುತ್ತದೆ.

ಎರಡನೆಯದು ಸೀದಾ ಫೋಲ್ಡರ್ ಮಾಡಲು ಹೋಗಿ, ಯಾವ ಓಎಸ್ ಎರರ್ ಬಂದರೂ ನುಂಗಿ ಸುಮ್ನೆ ಕೂರುತ್ತಿತ್ತು. ಬರೆದವರ ಮನಸ್ಸಲ್ಲಿ ಇದ್ದದ್ದು ‘ಆಗಲೇ ಇದೆ’ ಎನ್ನುವ ಎರರ್ ಮಾತ್ರ. ಆದರೆ ಡಿಸ್ಕ್ ತುಂಬಿದ್ದರೂ, ಪರ್ಮಿಷನ್ ಇಲ್ಲದಿದ್ದರೂ ಅದು ಅಷ್ಟೇ ಮೌನವಾಗಿ ನುಂಗುತ್ತಿತ್ತು. ಐದು ಫಂಕ್ಷನ್ ದಾಟಿ ಎಲ್ಲೋ ಫೈಲ್ ತೆರೆಯುವಾಗ ಎರರ್ ಬಂದು, ಜನ ಅಲ್ಲೇ ತಲೆ ಕೆರೆದುಕೊಳ್ಳುತ್ತಿದ್ದರು.

ಮೂರನ್ನೂ ಸೇರಿಸಿ ಒಂದು ಮಾಡಿದೆ. ಒಳಗೆ ಒಂದೇ ಸಾಲು: ಮೇಕ್‌ಡಿರ್ಸ್, ಎಕ್ಸಿಸ್ಟ್ ಓಕೆ ಟ್ರೂ, ಅಂದರೆ ಫೋಲ್ಡರ್ ಮಾಡು, ಆಗಲೇ ಇದ್ದರೂ ಪರವಾಗಿಲ್ಲ. ಪೈಥಾನ್ 3.2ರಿಂದಲೇ ಇರುವ ಸೌಲಭ್ಯ. ಅದೇ ಹೆಸರಲ್ಲಿ ಫೈಲ್ ಇದ್ದರೆ ಅದು ಈಗಲೂ ಎರರ್ ಕೊಡುತ್ತದೆ, ಕೊಡಲೇಬೇಕು. ಇಲ್ಲಿ ನನ್ನನ್ನು ತಡೆದದ್ದು ಮೂರನೆಯ ಫಂಕ್ಷನ್. ಅದು ಹೊಸದಾಗಿ ಮಾಡಿದರೆ ಟ್ರೂ, ಮೊದಲೇ ಇದ್ದರೆ ಫಾಲ್ಸ್ ಕೊಡುತ್ತಿತ್ತು. ಇದನ್ನು ಯಾರು ನೋಡುತ್ತಾರೆ ಅಂತ ತೆಗೆದುಹಾಕುವವನಿದ್ದೆ. ಗ್ರೆಪ್ ಮಾಡಿದೆ, ಅಂದರೆ ಇಡೀ ಕೋಡ್‌ನಲ್ಲಿ ಆ ಹೆಸರು ಹುಡುಕಿದೆ. ಕರೆಯುತ್ತಿದ್ದದ್ದು ಹದಿನಾಲ್ಕು ಕಡೆ, ನೋಡುತ್ತಿದ್ದದ್ದು ಒಂದೇ ಕಡೆ. ಟ್ರೂ ಬಂದರೆ ಮಾತ್ರ ಅಲ್ಲಿ ಒಂದು ಗುರುತಿನ ಫೈಲ್ ಬರೆಯುತ್ತಿದ್ದರು. ಆ ಒಂದು ಕಡೆ ಎಂಕೆಡಿರ್ ಅನ್ನೇ ಕರೆದು ‘ಆಗಲೇ ಇದೆ’ ಎರರ್ ಹಿಡಿಯುವ ಹಾಗೆ ಬರೆದು, ಉಳಿದ ಹದಿಮೂರನ್ನು ಹೊಸ ಫಂಕ್ಷನ್‌ಗೆ ತಿರುಗಿಸಿದೆ.

ಪಾತ್‌ಲಿಬ್‌ಗೆ ಬದಲಾಯಿಸುವ ಕೆಲಸ ಬರೀ ರೂಪದ್ದು ಅಂತ ನಂಬಿದ್ದೆ. ಉದ್ದುದ್ದ ಜಾಯಿನ್ ಕರೆಗಳು ಹೋಗಿ ನಡುವೆ ಒಂದು ಸ್ಲ್ಯಾಶ್ ಬರುತ್ತದೆ, ಓದಲು ಹಿತ. ಅಳಿಸುವ ಫಂಕ್ಷನ್‌ನಲ್ಲಿ ಮೊದಲ ಸಾಲಿಗೆ ಬಂದ ಸ್ಟ್ರಿಂಗನ್ನು ಪಾತ್ ಮಾಡಿಕೊಂಡೆ, ಅಷ್ಟೇ. ಖಾಲಿ ಸ್ಟ್ರಿಂಗ್‌ನ ಟೆಸ್ಟ್ ಬಿತ್ತು. ಯಾಕೆ ಅಂತ ನೋಡಿದಾಗ ಬೆನ್ನು ತಣ್ಣಗಾಯಿತು. ಖಾಲಿ ಸ್ಟ್ರಿಂಗನ್ನು ಫೋಲ್ಡರನ್ನು ಒಳಗಿನದ್ದರ ಸಮೇತ ಅಳಿಸುವ ಆರ್‌ಎಂಟ್ರೀಗೆ ಹಾಗೇ ಕೊಟ್ಟರೆ ‘ಅಂಥ ಫೋಲ್ಡರ್ ಇಲ್ಲ’ ಅಂತ ಎರರ್ ಬರುತ್ತದೆ. ಅದನ್ನೇ ಪಾತ್ ಮಾಡಿ ಕೊಟ್ಟರೆ ಅದು ಒಂದು ಚುಕ್ಕಿ, ಅಂದರೆ ನೀವು ಈಗ ನಿಂತಿರುವ ಫೋಲ್ಡರ್! ಒಳಗಿದ್ದದ್ದನ್ನೆಲ್ಲ ಅಳಿಸಿ, ಕೊನೆಗೆ ಚುಕ್ಕಿಯನ್ನೇ ಅಳಿಸಲಾಗದೆ ಎರರ್ ಕೊಡುತ್ತದೆ. ಟೆಸ್ಟ್ ಓಡಿದ್ದು ತಾತ್ಕಾಲಿಕ ಫೋಲ್ಡರ್‌ನಲ್ಲಿ, ಹಾಗಾಗಿ ಬಚಾವ್. ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್‌ಗಳ ಫೈಲ್) ಒಂದು ವ್ಯಾಲ್ಯೂ ಬಿಟ್ಟುಹೋಗಿ ಖಾಲಿ ಸ್ಟ್ರಿಂಗ್ ಬರುವುದು ಎಷ್ಟು ಸಾಮಾನ್ಯ ಅಲ್ವಾ? ಈಗ ಆ ಫಂಕ್ಷನ್‌ನ ಮೊದಲ ಎರಡು ಸಾಲು, ಖಾಲಿ ಇದ್ದರೆ ವ್ಯಾಲ್ಯೂ ಎರರ್.

ಇದನ್ನು ಹಿಡಿದೆ ಅಂತ ಬೀಗಿದ್ದೇ ಬಂತು, ಇದರ ತಮ್ಮ ತಪ್ಪಿಸಿಕೊಂಡ. ಕಾಪಿ ಮಾಡುವ ಫಂಕ್ಷನ್ ಮೂಲ ಫೋಲ್ಡರ್‌ನ ಬೇಸ್‌ನೇಮ್, ಅಂದರೆ ಪಾತ್‌ನ ಕೊನೆಯ ಹೆಸರು, ತೆಗೆದುಕೊಂಡು, ಗುರಿಯ ಫೋಲ್ಡರ್ ಒಳಗೆ ಅದೇ ಹೆಸರಿನ ಫೋಲ್ಡರ್ ಮಾಡುತ್ತಿತ್ತು. ನಾನು ಬೇಸ್‌ನೇಮ್ ತೆಗೆದು ಪಾತ್‌ನ ನೇಮ್ ಹಾಕಿದೆ. ಎರಡೂ ಒಂದೇ ಅಂತ ಕಣ್ಣು ಹೇಳುತ್ತದೆ. ಕೊನೆಗೆ ಸ್ಲ್ಯಾಶ್ ಇರುವ ಪಾತ್ ಕೊಟ್ಟು ನೋಡಿ. ‘ಡೇಟಾ ಸ್ಲ್ಯಾಶ್ ವರದಿ ಸ್ಲ್ಯಾಶ್’ ಅಂತ ಕೊಟ್ಟರೆ ಹಳೆಯ ಬೇಸ್‌ನೇಮ್ ಖಾಲಿ ಸ್ಟ್ರಿಂಗ್ ಕೊಡುತ್ತದೆ, ಪಾತ್‌ಲಿಬ್‌ನದು ‘ವರದಿ’ ಕೊಡುತ್ತದೆ. ಯಾಕೆಂದರೆ ಪಾತ್‌ಲಿಬ್ ಆ ಕೊನೆಯ ಸ್ಲ್ಯಾಶನ್ನು ಒಳಗೆ ಬರುವಾಗಲೇ ಉದುರಿಸಿಬಿಡುತ್ತದೆ. ಪರಿಣಾಮ ಏನು? ಮೊದಲು ಸ್ಲ್ಯಾಶ್ ಇದ್ದರೆ ಫೈಲ್‌ಗಳು ನೇರ ಗುರಿಯ ಫೋಲ್ಡರ್‌ಗೇ ಬೀಳುತ್ತಿದ್ದವು. ಈಗ ಅದರೊಳಗೆ ‘ವರದಿ’ ಅಂತ ಒಂದು ಹೊಸ ಫೋಲ್ಡರ್ ಹುಟ್ಟಿ ಅಲ್ಲಿಗೆ ಹೋಗತೊಡಗಿದವು.

ರಾತ್ರಿ ಓಡುವ ಒಂದು ಸ್ಕ್ರಿಪ್ಟ್ ಸ್ಲ್ಯಾಶ್ ಹಾಕಿಯೇ ಕರೆಯುತ್ತಿತ್ತು. ಎರರ್ ಬರಲಿಲ್ಲ. ಬೆಳಿಗ್ಗೆ ಎಲ್ಲರೂ ನೋಡಿದ್ದು ನಿನ್ನೆಯ ಫೈಲ್. ಮೂರನೇ ದಿನ ಯಾರೋ “ಈ ಅಂಕಿ ಮೊನ್ನೆಯಿಂದ ಕದಲೇ ಇಲ್ಲ” ಅಂದಾಗ ಗೊತ್ತಾಯಿತು. ನನ್ನ ಕಾಗದದ ಪಟ್ಟಿಯಲ್ಲಿ ಸ್ಲ್ಯಾಶ್ ಇತ್ತು. ಆದರೆ ಫೋಲ್ಡರ್ ಮಾಡುವ ಫಂಕ್ಷನ್‌ಗೆ ಮಾತ್ರ ಆ ಟೆಸ್ಟ್ ಬರೆದು ಕಾಪಿಗೆ ಬಿಟ್ಟಿದ್ದೆ. ಹಳೆಯ ನಡವಳಿಕೆ ಬೇಕಂತಲೇ ಬರೆದದ್ದಾ, ತಾನಾಗಿ ಆದದ್ದಾ, ಗೊತ್ತಿಲ್ಲ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಬಳಸುವವರಿಗೆ ಇದು ಹೊಸದೇನಲ್ಲ, ಅಲ್ಲೂ ಮೂಲದ ಕೊನೆಗೆ ಸ್ಲ್ಯಾಶ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಕೊನೆಗೆ ಎರಡು ಫಂಕ್ಷನ್ ಮಾಡಿದೆ. ಒಂದು ಫೋಲ್ಡರನ್ನೇ ಕಾಪಿ ಮಾಡುತ್ತದೆ, ಇನ್ನೊಂದು ಒಳಗಿನದನ್ನು ಮಾತ್ರ. ಹೆಸರಲ್ಲೇ ಅದನ್ನು ಹೇಳಿದೆ. ಒಂದು ಸ್ಲ್ಯಾಶ್‌ನ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ಅಲ್ಲಿಂದ ಮುಂದೆ ವಿಚಿತ್ರ ಅನಿಸಿದ ಪ್ರತಿ ಸಾಲಿನ ಮುಂದೆಯೂ ಸ್ವಲ್ಪ ಹೊತ್ತು ಕೂತೆ. ಒಂದೊಂದೇ ಫೋಲ್ಡರ್‌ನ ಒಳಗೆ ಇಳಿಯುತ್ತ ಹೋಗುವ ಓಎಸ್ ವಾಕ್ ಬಳಸಿ ಎಲ್ಲ ಫೈಲ್ ಹುಡುಕುವ ಫಂಕ್ಷನ್‌ನಲ್ಲಿ, ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳನ್ನು ಬಿಡಲು, ಮುಂದೆ ಇಳಿಯಬೇಕಾದ ಫೋಲ್ಡರ್‌ಗಳ ಡಿರ್ಸ್ ಲಿಸ್ಟ್‌ಗೆ ಹೊಸ ಲಿಸ್ಟ್ ಕೊಡುತ್ತಿದ್ದರು. ಆದರೆ ಎಡಗಡೆ ಡಿರ್ಸ್‌ನ ಪಕ್ಕ ಚೌಕ ಕಂಸದೊಳಗೆ ಒಂದು ಕೋಲನ್. ಕಸದಂತೆ ಕಾಣುತ್ತದೆ. ತೆಗೆದರೆ ಟೆಸ್ಟ್ ಪಾಸ್ ಆಗುತ್ತಿತ್ತು, ಯಾಕೆಂದರೆ ಮುಂದೆ ಬರುವ ಒಂದು ಇಫ್ ಆ ಫೈಲ್‌ಗಳನ್ನು ಹೇಗೂ ತೆಗೆದುಬಿಡುತ್ತಿತ್ತು. ಆದರೆ ಆ ಕೋಲನ್ ಇದ್ದರೆ ಮಾತ್ರ ವಾಕ್ ಹಿಡಿದುಕೊಂಡಿರುವ ಅದೇ ಲಿಸ್ಟ್ ಬದಲಾಗುತ್ತದೆ, ಆ ಫೋಲ್ಡರ್‌ಗಳ ಒಳಗೆ ಅದು ಇಳಿಯುವುದೇ ಇಲ್ಲ. ಇಲ್ಲದಿದ್ದರೆ ಡಾಟ್ ಗಿಟ್ ಫೋಲ್ಡರ್‌ನ ಒಳಗಿನ ಸಾವಿರಾರು ಫೈಲ್‌ಗಳನ್ನೆಲ್ಲ ಸುತ್ತಿ ಬಂದು, ಕೊನೆಗೆ ಬೇಡ ಅನ್ನುತ್ತದೆ. ಕೋಲನ್ ಉಳಿಸಿದೆ. ಮೇಲೆ ಒಂದು ಸಾಲಿನ ಕಾಮೆಂಟ್ ಬರೆದೆ.

ಕಾಮೆಂಟ್ ಅಂದಾಗ ನೆನಪಾಯಿತು. ‘ಫೋಲ್ಡರ್ ಅಳಿಸು’ ಅಂತ ಅಳಿಸುವ ಸಾಲಿನ ಮೇಲೆಯೇ ಬರೆದಿದ್ದ ಕಾಮೆಂಟ್‌ಗಳನ್ನೆಲ್ಲ ಕಿತ್ತೆ. ‘ಇಲ್ಲಿ ರಿಯಲ್‌ಪಾತ್ ಹಾಕಬೇಡಿ’ ಎನ್ನುವ ಒಂದನ್ನು ಮಾತ್ರ ಇಟ್ಟು, ಕಾರಣ ಸೇರಿಸಿದೆ. ರಿಯಲ್‌ಪಾತ್ ಹಾಕಿದರೆ ಲಿಂಕ್ ಬಿಡಿಸಿಕೊಂಡು ನಿಜವಾದ ಫೋಲ್ಡರ್‌ಗೇ ಹೋಗುತ್ತದೆ, ಲಿಂಕ್ ಅಳಿಸಲು ಹೊರಟವರು ಅಸಲನ್ನೇ ಅಳಿಸುತ್ತಾರೆ. ಟ್ರೂ, ಫಾಲ್ಸ್ ಅಂತ ಸಾಲಾಗಿ ಕೊಡುತ್ತಿದ್ದ ಆರ್ಗ್ಯುಮೆಂಟ್‌ಗಳ ಮುಂದೆ ಒಂದು ನಕ್ಷತ್ರ ಹಾಕಿ, ಹೆಸರು ಹೇಳಿಯೇ ಕೊಡಬೇಕು ಅಂತ ಮಾಡಿದೆ. ಆಗ ಕರೆಯುವ ಕಡೆ ಎರಡು ತಪ್ಪು ಬಯಲಾದವು, ಟ್ರೂ ಫಾಲ್ಸ್ ಅದಲುಬದಲಾಗಿತ್ತು. ಆಳವಾದ ಇಫ್‌ಗಳನ್ನು ಕಂಟಿನ್ಯೂ ಹಾಕಿ ಚಪ್ಪಟೆ ಮಾಡಿದ್ದು ಸುಲಭದ ಕೆಲಸ, ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ.

ಒಂದು ಫಂಕ್ಷನ್ ಮುಟ್ಟಲಿಲ್ಲ. ಅದು ಸಿಎಚ್‌ಡಿರ್ ಮಾಡಿ, ಅಂದರೆ ತಾನು ನಿಂತ ಫೋಲ್ಡರ್ ಬದಲಿಸಿ, ಕೆಲಸ ಮುಗಿಸಿ, ಹಳೆಯ ಫೋಲ್ಡರ್‌ಗೆ ವಾಪಸ್ ಬರುತ್ತದೆ. ನಡುವೆ ಎರರ್ ಬಂದರೆ ವಾಪಸ್ ಬರುವುದಿಲ್ಲ. ಎರರ್ ಬಂದರೂ ಓಡುವ ಫೈನಲಿ ಸೇರಿಸಿದರೂ ಪೂರ್ತಿ ಸರಿಯಾಗುವುದಿಲ್ಲ. ಈಗಿನ ಫೋಲ್ಡರ್ ಅನ್ನುವುದು ಇಡೀ ಪ್ರಾಸೆಸ್‌ಗೆ ಒಂದೇ, ಅದೇ ಪ್ರಾಸೆಸ್ ಒಳಗೆ ಜೊತೆಜೊತೆಗೆ ಓಡುವ ಪಕ್ಕದ ಥ್ರೆಡ್‌ನ ಕಾಲಡಿಯ ನೆಲವೂ ಸರಿಯುತ್ತದೆ. ಪೈಥಾನ್ 3.11ರಲ್ಲಿ ಅದರದ್ದೇ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲ್‌ಗೆ ಇದೇ ಕೆಲಸದ ಸಿಎಚ್‌ಡಿರ್ ಬಂದಿದೆ, ಥ್ರೆಡ್ ವಿಷಯದಲ್ಲಿ ಅದರದ್ದೂ ಇದೇ ಪಾಡು. ಇದನ್ನು ಕರೆಯುವ ಕಡೆಯೆಲ್ಲ ಪೂರ್ತಿ ಪಾತ್ ಕೊಡುವ ಹಾಗೆ ಬರೆಯಬೇಕು. ಅದು ಸ್ಟೈಲ್‌ನ ಕೆಲಸ ಅಲ್ಲ, ಹಾಗಾಗಿ ಬೇರೆ ಟಿಕೆಟ್ ತೆರೆದೆ. ಮೊನ್ನೆ ಅದೇ ರಿವ್ಯೂ ಮಾಡಿದ ಸಹೋದ್ಯೋಗಿ ಆ ಟಿಕೆಟನ್ನು ತಮ್ಮ ಹೆಸರಿಗೆ ಹಾಕಿಕೊಂಡಿದ್ದಾರೆ. ಅವರ ಮೊದಲ ಕಮಿಟ್‌ನಲ್ಲಿ ಬರೀ ಟೆಸ್ಟ್‌ಗಳಿದ್ದವು.