ಕಾರ್ಪೊರೇಷನ್ ಚುನಾವಣೆ: ನಿಮ್ಮ ಯೂನಿಯನ್ ಯಾರಿಗೆ ಬೆಂಬಲ ಕೊಡಬೇಕು ಅಂತ ತೀರ್ಮಾನ ಮಾಡೋದು ಹೇಗೆ

ಚುನಾವಣೆ ಹತ್ತಿರ ಬಂದರೆ ಸಾಕು, ಯೂನಿಯನ್ ಆಫೀಸಿಗೆ ಅಭ್ಯರ್ಥಿಗಳ ಕಡೆಯವರು ಬರತೊಡಗುತ್ತಾರೆ. "ನಿಮ್ಮ ಜನಕ್ಕೆಲ್ಲ ಒಂದು ಮಾತು ಹೇಳಿಬಿಡಿ ಅಣ್ಣ, ಗೆದ್ದ ಮೇಲೆ ನಾವು ನೋಡ್ಕೋತೀವಿ" ಅನ್ನುತ್ತಾರೆ. ಅಧ್ಯಕ್ಷರು ಹೂಂ ಅಂದು ಒಂದು ಹಾರ ಹಾಕಿಸಿಕೊಂಡರೆ ಮುಗೀತು. ಸಂಜೆಯೊಳಗೆ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ತಮ್ಮ ಸಂಘ ಯಾರಿಗೋ ಬೆಂಬಲ ಕೊಟ್ಟಿದೆ ಅನ್ನೋದು ಸದಸ್ಯರಿಗೆ ಗೊತ್ತಾಗೋದೇ ಆ ಫೋಟೋ ನೋಡಿ. ನನ್ನ ಪ್ರಕಾರ ಇದು ಸದಸ್ಯರಿಗೆ ಮಾಡುವ ಅನ್ಯಾಯ. ಬೆಂಬಲ ಕೊಡಬೇಕಾದವರೂ ಅವರೇ, ಅದಕ್ಕೆ ಪ್ರತಿಯಾಗಿ ಏನು ಬೇಕು ಅಂತ ಹೇಳಬೇಕಾದವರೂ ಅವರೇ.

ಅದನ್ನು ಸರಿಯಾಗಿ ಮಾಡುವ ದಾರಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಜಾಸ್ತಿ ಬೆಂಗಳೂರಿನ ಬೀದಿ ಬದಿ ವ್ಯಾಪಾರಿಗಳವು, ಯಾಕಂದ್ರೆ ನಾನು ಕೆಲಸ ಮಾಡಿರೋದು ಅವರ ನಡುವೆ. ಆಟೋ, ಮನೆಗೆಲಸ, ಕಸದ ಗಾಡಿ, ಕಟ್ಟಡ ಕೆಲಸ, ಯಾವ ಯೂನಿಯನ್ ಆದರೂ ದಾರಿ ಹೆಚ್ಚು ಕಡಿಮೆ ಇದೇ.

ಮೊದಲು ನಿಮ್ಮ ಓಟು ಎಲ್ಲಿದೆ ನೋಡಿ

ಬೆಂಗಳೂರಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡ್‌ಗಳಿಗೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ವಾರ್ಡ್‌ಗಳು 369 ಆದವು. 2011ರ ಜನಗಣತಿ ಲೆಕ್ಕದಲ್ಲಿ ಮೊದಲು ಒಂದು ವಾರ್ಡ್‌ಗೆ ಸರಾಸರಿ 42 ಸಾವಿರ ಜನ ಇದ್ದರೆ, ಈಗ 23 ಸಾವಿರದ ಆಸುಪಾಸು. ವಾರ್ಡ್ ಚಿಕ್ಕದಾದಷ್ಟೂ ಒಂದು ಸಂಘದ ಮುನ್ನೂರು ಓಟಿಗೆ ತೂಕ ಜಾಸ್ತಿ. ಹಿಂದೆ ಯಾರೂ ತಿರುಗಿ ನೋಡದ ಸಣ್ಣ ಯೂನಿಯನ್ ಕೂಡ ಈಗ ಅಭ್ಯರ್ಥಿಯನ್ನು ಕೂರಿಸಿ ಮಾತಾಡಿಸಬಹುದು.

ಆದರೆ ಆ ಮುನ್ನೂರು ಓಟು ನಿಜವಾಗಿ ಆ ವಾರ್ಡಲ್ಲೇ ಇದೆಯಾ? ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಮಾರುವವರು ಅಲ್ಲೇ ವಾಸ ಇರಬೇಕೆಂದಿಲ್ಲ, ಎಷ್ಟೋ ಜನರ ಮನೆ ಊರಾಚೆ ಇರುತ್ತದೆ, ಇನ್ನೆಷ್ಟೋ ಜನರ ಓಟು ಇನ್ನೂ ಹುಟ್ಟೂರಲ್ಲೇ ಉಳಿದಿರುತ್ತದೆ. ಹಾಗಾಗಿ ಮೊದಲ ಕೆಲಸ ಪಟ್ಟಿ. ಸದಸ್ಯರ ಹೆಸರು, ಕೆಲಸ ಮಾಡುವ ವಾರ್ಡ್, ಮತದಾರರ ಪಟ್ಟಿಯಲ್ಲಿ ಹೆಸರಿರುವ ವಾರ್ಡ್, ಮನೆಯಲ್ಲಿ ಒಟ್ಟು ಎಷ್ಟು ಓಟು. ಒಂದು ನೋಟ್‌ಬುಕ್ ಸಾಕು. ಈ ಪಟ್ಟಿ ಯೂನಿಯನ್ ಒಳಗೇ ಇರಲಿ, ಯಾವ ಅಭ್ಯರ್ಥಿ ಕೇಳಿದರೂ ಕೊಡಬೇಡಿ. ಸಂಖ್ಯೆ ಹೇಳಿ, ಹೆಸರು ಹೇಳಬೇಡಿ. ಪಟ್ಟಿ ಮಾಡುವಾಗ ಹೆಸರು ಬಿಟ್ಟುಹೋದವರು ಸಿಗುತ್ತಾರೆ, ಅವರನ್ನು ಆಗಲೇ ಸೇರಿಸಿಬಿಡಿ. ಯಾರಿಗೂ ಬೆಂಬಲ ಕೊಡದಿದ್ದರೂ ಆ ಕೆಲಸ ದಂಡವಾಗುವುದಿಲ್ಲ.

ಇನ್ನೊಂದು ಮಾತು. ವಾರ್ಡ್ ಮೀಸಲಾತಿ ಪಟ್ಟಿ ಅಂತಿಮ ಆಗುವ ಮುಂಚೆ ಯಾರಿಗೂ ಮಾತು ಕೊಡಬೇಡಿ. ಇವತ್ತು ಓಡಾಡುತ್ತಿರುವವರಿಗೆ ನಾಳೆ ಆ ವಾರ್ಡಲ್ಲಿ ನಿಲ್ಲುವ ಅವಕಾಶವೇ ಇಲ್ಲದಿರಬಹುದು. ಪಕ್ಷದ ಟಿಕೆಟ್ ಖಾತ್ರಿ ಮಾಡುವ ಬಿ ಫಾರಂ ಕೊನೇ ಗಳಿಗೆವರೆಗೆ ಎಳೆಯುತ್ತದೆ ಅನ್ನೋದೂ ಗೊತ್ತಿರುವ ವಿಷಯವೇ.

ಪಾಲಿಕೆ ಕೈಯಲ್ಲಿರೋದನ್ನು ಕೇಳಿ

ಪ್ರಶ್ನೆಗಳ ಹಾಳೆಯನ್ನು ಸದಸ್ಯರ ಜೊತೆ ಕೂತು ತಯಾರಿಸಿ. ಐದು ಪ್ರಶ್ನೆ ಸಾಕು. "ಕಾರ್ಮಿಕರ ಪರ ಇದ್ದೀರಾ?" ಅಂತ ಕೇಳಿದರೆ ಇಲ್ಲ ಅನ್ನುವ ಅಭ್ಯರ್ಥಿ ಯಾರಿದ್ದಾರೆ ಹೇಳಿ? ಕನಿಷ್ಠ ವೇತನ ಜಾಸ್ತಿ ಮಾಡಿಸಿ ಅಂತ ಕೇಳಿದರೂ ಅಷ್ಟೇ, ಅದು ರಾಜ್ಯ ಸರ್ಕಾರದ ಕೆಲಸ, ಅಭ್ಯರ್ಥಿ ಸಂತೋಷವಾಗಿ ಮಾತು ಕೊಟ್ಟು ಹೋಗುತ್ತಾರೆ. ಕಾರ್ಪೊರೇಟರ್ ಕೈಗೆಟುಕುವುದನ್ನೇ ಹಿಡಿಯಿರಿ. ಮಾರ್ಕೆಟ್ ಹತ್ತಿರ ಹೆಂಗಸರಿಗೆ ಶೌಚಾಲಯ, ಅದು ರಾತ್ರಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಬೀದಿ ದೀಪ, ಕುಡಿಯುವ ನೀರು, ಕಸದ ಗಾಡಿಯವರು ಬೆಳಿಗ್ಗೆ ಹಾಜರಾತಿ ಕೊಡುವ ಜಾಗದಲ್ಲಿ ಒಂದು ಸೂರು, ವಾರ್ಡ್ ಸಮಿತಿ ಸಭೆಯನ್ನು ತಿಂಗಳು ತಿಂಗಳು ಕರೆಯುವುದು.

ಕಾನೂನು ಓದಿಕೊಂಡು ಕೇಳಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರ ಮಾಡಲು 30 ದಿನದ ನೋಟಿಸ್ ಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ, ನಾವೆಲ್ಲ ಟಿವಿಸಿ ಅನ್ನುತ್ತೇವಲ್ಲ ಅದರಲ್ಲಿ, ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಹಾಗಾದರೆ ಪ್ರಶ್ನೆ ಹೀಗಿರಲಿ: "ನೋಟಿಸ್ ಇಲ್ಲದೆ ಎತ್ತಂಗಡಿ ಮಾಡಲು ಗಾಡಿ ಬಂದರೆ ನೀವು ಸ್ಥಳಕ್ಕೆ ಬರುತ್ತೀರಾ? ಟಿವಿಸಿ ಚುನಾವಣೆ ನಡೆಸಿ ಅಂತ ಕೌನ್ಸಿಲ್‌ನಲ್ಲಿ ಮಾತಾಡುತ್ತೀರಾ?" ಹೌದು ಅಥವಾ ಇಲ್ಲ, ಎರಡೇ ಉತ್ತರ.

ಪಕ್ಷದ ಚಿಹ್ನೆ ಮೇಲೆ ನಿಂತವರಿಗೆ ಇನ್ನೊಂದು ಪ್ರಶ್ನೆ ಇರಲಿ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳಿಗೂ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಪಕ್ಷದ ಆದೇಶ ಮೀರಿ ಓಟು ಹಾಕಿದರೆ ಸದಸ್ಯತ್ವ ಹೋಗಬಹುದು. "ನಿಮ್ಮ ಪಕ್ಷ ಒಂದು ಕಡೆ, ನಮ್ಮ ಬೇಡಿಕೆ ಇನ್ನೊಂದು ಕಡೆ ಆದರೆ ಏನು ಮಾಡುತ್ತೀರಿ?" ಅಂತ ಕೇಳಿ. "ಪಕ್ಷದೊಳಗೆ ಮಾತಾಡ್ತೀನಿ, ಆಗದಿದ್ದರೆ ನಿಮ್ಮ ಹತ್ತಿರ ಬಂದು ಆಗಲಿಲ್ಲ ಅಂತ ಹೇಳ್ತೀನಿ" ಅನ್ನುವವರನ್ನು ನಂಬಬಹುದು. ಎಲ್ಲಾ ಮಾಡಿಸ್ತೀನಿ ಅನ್ನುವವರ ಬಗ್ಗೆ ಸ್ವಲ್ಪ ಹುಷಾರು.

ಎಲ್ಲರನ್ನೂ ಕರೆಯಿರಿ, ಸದಸ್ಯರ ಎದುರೇ ಮಾತಾಡಿಸಿ

ನಿಮಗೆ ಇಷ್ಟ ಇಲ್ಲದ ಪಕ್ಷದವರನ್ನೂ ಕರೆಯಿರಿ, ಪಕ್ಷೇತರರನ್ನೂ ಕರೆಯಿರಿ. ಎಲ್ಲರಿಗೂ ಅದೇ ಐದು ಪ್ರಶ್ನೆ, ಅಷ್ಟೇ ಸಮಯ. ಉತ್ತರ ಬರೆದು ಸಹಿ ಹಾಕಿ ಕೊಡಬೇಕು ಅಂತ ಮೊದಲೇ ಹೇಳಿಬಿಡಿ. ಬರೋದಿಲ್ಲ ಅಂದವರ ಹೆಸರಿನ ಮುಂದೆ ಬರಲಿಲ್ಲ ಅಂತ ಬರೆದುಕೊಳ್ಳಿ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ತರಿಸಿ ಓದಿ, ಕೇಸುಗಳು, ಆಸ್ತಿ ಎಲ್ಲ ಅದರಲ್ಲಿ ಇರುತ್ತದೆ. ಕಾರ್ಮಿಕರಿಗೆ ಸಂಬಳ ಬಾಕಿ ಇಟ್ಟ ಗುತ್ತಿಗೆದಾರರೇ ಅಭ್ಯರ್ಥಿ ಆಗಿದ್ದರೆ ಅದು ಅಫಿಡವಿಟ್‌ನಲ್ಲಿ ಸಿಗದೆ ಹೋಗಬಹುದು. ಅದನ್ನು ನಿಮ್ಮ ಸದಸ್ಯರನ್ನೇ ಕೇಳಬೇಕು.

ಅರ್ಧದಷ್ಟು ವಾರ್ಡ್‌ಗಳು ಮಹಿಳೆಯರಿಗೆ ಮೀಸಲು. ಅಲ್ಲಿ ಒಂದು ವಿಷಯ ಗಮನ ಇಟ್ಟು ನೋಡಬೇಕು. ಹಿಂದೆ ಒಂದು ಸಭೆಗೆ ಅಭ್ಯರ್ಥಿ ಬಂದರು, ಜೊತೆಗೆ ಅವರ ಯಜಮಾನರೂ ಬಂದರು. ಮೊದಲ ಪ್ರಶ್ನೆಗೆ ಯಜಮಾನರು ಉತ್ತರ ಕೊಟ್ಟರು, ಎರಡನೆಯದಕ್ಕೂ ಅವರೇ. ಮುಂದಿನ ಸಾಲಲ್ಲಿ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದ ಸೊಪ್ಪಿನ ಅಜ್ಜಿ ಎದ್ದು ನಿಂತು, "ಅಮ್ಮಾ, ನೀನು ಹೇಳವ್ವ. ರಾತ್ರಿ ಎಂಟು ಗಂಟೆಗೆ ನನ್ನ ತಕ್ಕಡಿ ಎತ್ಕೊಂಡು ಹೋದ್ರೆ ನಾನು ಯಾರಿಗೆ ಫೋನ್ ಮಾಡ್ಲಿ? ನಿಂಗಾ, ಅವ್ರಿಗಾ?" ಅಂದರು. ಸಭೆ ಗಪ್‌ಚುಪ್. ಅಭ್ಯರ್ಥಿ ಒಂದು ನಿಮಿಷ ಗಂಡನ ಮುಖ ನೋಡಿದರು, ಆಮೇಲೆ ಬ್ಯಾಗಿನಿಂದ ಪೆನ್ ತೆಗೆದು ತಮ್ಮದೇ ನಂಬರ್ ಬರೆದು ಅಜ್ಜಿಯ ಕೈಗೆ ಕೊಟ್ಟರು. ಉಳಿದ ಮೂರು ಪ್ರಶ್ನೆಗೆ ಅವರೇ ಉತ್ತರ ಹೇಳಿದರು, ಚೆನ್ನಾಗಿಯೇ ಹೇಳಿದರು. ಅದಕ್ಕೇ ಈಗ ನಾನು ಎಲ್ಲ ಯೂನಿಯನ್‌ಗಳಿಗೂ ಹೇಳೋದು ಇಷ್ಟು: ಅಭ್ಯರ್ಥಿಗೆ ಮಾತ್ರ ಕುರ್ಚಿ ಹಾಕಿ, ಜೊತೆಗೆ ಬಂದವರನ್ನು ಹಿಂದಿನ ಸಾಲಲ್ಲಿ ಕೂರಿಸಿ.

ಗುಟ್ಟಾಗಿ ಓಟು ಹಾಕಿಸಿ

ಕೈ ಎತ್ತಿಸುವುದು ಬೇಡ. ಎದುರಿಗೆ ಅಧ್ಯಕ್ಷರು ಕೂತಿದ್ದರೆ ಯಾರು ತಾನೇ ಬೇರೆ ಕಡೆ ಕೈ ಎತ್ತುತ್ತಾರೆ? ಒಂದು ಚೀಟಿಯಲ್ಲಿ ಅಭ್ಯರ್ಥಿಗಳ ಫೋಟೋ ಹಾಕಿಸಿ, ಓದಲು ಬರದವರಿಗೂ ಸಲೀಸು. ಕೊನೆಯಲ್ಲಿ "ಯಾರಿಗೂ ಬೆಂಬಲ ಬೇಡ" ಅಂತ ಒಂದು ಖಾನೆ ಇರಲೇಬೇಕು. ಸಮಯ ನಿಮ್ಮ ಜನರ ದುಡಿಮೆ ನೋಡಿಕೊಂಡು ಇಡಿ. ವ್ಯಾಪಾರಿಗಳಾದರೆ ಮಧ್ಯಾಹ್ನ ಒಂದರಿಂದ ಮೂರು, ಬೆಳಗಿನ ಗಿರಾಕಿ ಮುಗಿದು ಸಂಜೆಯದು ಶುರುವಾಗುವ ಮುಂಚೆ. ಮನೆಗೆಲಸದವರಾದರೆ ಭಾನುವಾರ ಸಂಜೆ.

ಎಷ್ಟು ಜನ ಬಂದರೆ ಸಭೆ ಕ್ರಮಬದ್ಧ ಅನ್ನೋದನ್ನು ನಿಮ್ಮ ಬೈಲಾದಲ್ಲಿ ನೋಡಿ. ಬೆಂಬಲಕ್ಕೆ ಮೂರರಲ್ಲಿ ಎರಡು ಭಾಗ ಓಟು ಬೇಕು ಅಂತ ಇಟ್ಟುಕೊಳ್ಳಿ ಅನ್ನೋದು ನನ್ನ ಸಲಹೆ. ಒಂದೆರಡು ಓಟಿನ ಅಂತರದಲ್ಲಿ ತೀರ್ಮಾನ ಆದರೆ ಅರ್ಧ ಸಂಘ ಮುನಿಸಿಕೊಳ್ಳುತ್ತದೆ, ಚುನಾವಣೆ ಮುಗಿದ ಮೇಲೂ ಆ ಮುನಿಸು ಉಳಿಯುತ್ತದೆ. ಅಷ್ಟು ಓಟು ಯಾರಿಗೂ ಬರದಿದ್ದರೆ ಬೆಂಬಲ ಇಲ್ಲ, ಅಷ್ಟೇ. ಎಲ್ಲ ಅಭ್ಯರ್ಥಿಗಳ ಲಿಖಿತ ಉತ್ತರಗಳನ್ನು ಸದಸ್ಯರಿಗೆ ಹಂಚಿಬಿಡಿ, ಅವರವರು ನೋಡಿಕೊಳ್ಳುತ್ತಾರೆ. ಫಲಿತಾಂಶವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ನಿಮ್ಮದು ಕೇಂದ್ರ ಸಂಘಟನೆಗೆ ಸೇರಿದ ಯೂನಿಯನ್ ಆದರೆ ಅವರ ನಿಯಮವನ್ನೂ ಒಮ್ಮೆ ಕೇಳಿಕೊಳ್ಳಿ.

ದುಡ್ಡು ಮತ್ತು ಕಾನೂನು

ಇಲ್ಲಿ ತಪ್ಪಿದರೆ ಸಂಘಕ್ಕೇ ಪೆಟ್ಟು. ಸದಸ್ಯತ್ವದ ಚಂದಾ ಹಣವನ್ನು ಚುನಾವಣೆಗೆ ಮುಟ್ಟುವಂತಿಲ್ಲ. ರಾಜಕೀಯ ಉದ್ದೇಶಕ್ಕೆ ಪ್ರತ್ಯೇಕ ನಿಧಿ ಇರಬೇಕು, ಅದಕ್ಕೆ ಪ್ರತ್ಯೇಕವಾಗಿ ವಸೂಲಿ ಮಾಡಬೇಕು. ಆ ನಿಧಿಗೆ ಕೊಡಲೇಬೇಕು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ, ಕೊಡದವರಿಗೆ ಸಂಘದ ಯಾವ ಸೌಲಭ್ಯವನ್ನೂ ತಪ್ಪಿಸುವಂತಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 16ನೇ ಕಲಂನಲ್ಲಿ ಇದ್ದ ಈ ನಿಯಮ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಬೇರೆ ರಸೀದಿ ಪುಸ್ತಕ, ಬೇರೆ ಬ್ಯಾಂಕ್ ಖಾತೆ ಮಾಡಿ. ಇಪ್ಪತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ.

ಕರಪತ್ರ ಅಚ್ಚು ಹಾಕಿಸುವ ಮುಂಚೆ, ಸಭೆಗೆ ಮೈಕು ಬಾಡಿಗೆ ತರುವ ಮುಂಚೆ ಅಭ್ಯರ್ಥಿಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಅನುಮತಿ ಇಲ್ಲದೆ ಅಭ್ಯರ್ಥಿಯ ಪರವಾಗಿ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ ಅಪರಾಧ, 10,000 ರೂಪಾಯಿವರೆಗೆ ದಂಡ ಇದೆ. ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರು, ಸಂಘದ ಹೆಸರು ಇರಲಿ. ಅಭ್ಯರ್ಥಿಯಿಂದ ಸಂಘಕ್ಕೆ ದುಡ್ಡು, ಸೀರೆ, ಕುಕ್ಕರ್, ಏನೂ ಬೇಡ. ಒಂದು ಸಲ ತೆಗೆದುಕೊಂಡರೆ ಆಮೇಲೆ ನಿಮ್ಮ ಐದು ಪ್ರಶ್ನೆ ಕೇಳುವ ಬಾಯಿ ಇರುವುದಿಲ್ಲ.

ಪೌರಕಾರ್ಮಿಕರ ಸಂಘಗಳು ಒಂದು ವಿಷಯ ಮರೆಯಬಾರದು. 2025ರ ಮೇ ದಿನದಂದು ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಎಷ್ಟೋ ವರ್ಷದ ಹೋರಾಟದ ಫಲ ಅದು. ಆದರೆ ಕಾಯಂ ಆದವರಿಗೆ ನೌಕರರ ನಡತೆ ನಿಯಮಗಳೂ ಬಂದವು, ಪ್ರಚಾರಕ್ಕೆ ಇಳಿದರೆ ಕೆಲಸಕ್ಕೇ ಕುತ್ತು. ಅವರನ್ನು ಕರಪತ್ರ ಹಂಚಲು, ವೇದಿಕೆ ಹತ್ತಲು ಕಳಿಸಬೇಡಿ. ಅವರ ಓಟು ಅವರದು, ಅದನ್ನು ಯಾವ ನಿಯಮವೂ ಕಿತ್ತುಕೊಳ್ಳುವುದಿಲ್ಲ.

ಪ್ರಚಾರ, ಆಮೇಲಿನ ಕೆಲಸ

ಬೆಂಬಲ ಘೋಷಿಸುವಾಗ ಕಾರಣ ಹೇಳಿ. ಇಂಥ ಐದು ವಿಷಯ ಕೇಳಿದೆವು, ಇವರು ನಾಲ್ಕಕ್ಕೆ ಒಪ್ಪಿ ಸಹಿ ಹಾಕಿದ್ದಾರೆ, ಇಷ್ಟು ಸದಸ್ಯರು ಓಟು ಹಾಕಿ ತೀರ್ಮಾನಿಸಿದ್ದಾರೆ. ಅದೇ ಕರಪತ್ರ. ಸಹಿ ಹಾಕಿದ ಹಾಳೆಯ ಪ್ರತಿಯನ್ನು ಹಿಂದಿನ ಪುಟದಲ್ಲೇ ಅಚ್ಚು ಹಾಕಿಸಿ.

ಜನ ಜಾತಿ ನೋಡುತ್ತಾರೆ, ಪಕ್ಷ ನೋಡುತ್ತಾರೆ, ಕಷ್ಟಕ್ಕೆ ಆದ ನೆರೆಯವರನ್ನು ನೋಡುತ್ತಾರೆ. ಯೂನಿಯನ್ ಹೇಳಿತು ಅಂತ ಎಲ್ಲರೂ ಒಂದೇ ಕಡೆ ಒತ್ತುವುದಿಲ್ಲ, ಒತ್ತಬೇಕಾಗಿಯೂ ಇಲ್ಲ. "ಇವರಿಗೆ ಹಾಕದಿದ್ದರೆ ಸಂಘದ ಕಾರ್ಡ್ ರದ್ದು" ಅಂತ ಯಾವ ಪದಾಧಿಕಾರಿಯೂ ಬಾಯಿ ಬಿಡಬಾರದು, ಹಾಗೆ ಹೆದರಿಸುವುದು ಚುನಾವಣಾ ಅಪರಾಧ. ಪಕ್ಕದ ಗಾಡಿಯವರು ಟೀ ಕುಡಿಯುವಾಗ ಶೌಚಾಲಯದ ವಿಷಯ ಎತ್ತಿ ಹೇಳುವ ನಾಲ್ಕು ಮಾತಿನಿಂದ ಜಾಸ್ತಿ ಕೆಲಸ ಆಗುತ್ತದೆ.

ನೀವು ಬೆಂಬಲಿಸಿದವರು ಗೆದ್ದರೆ, ಪ್ರಮಾಣ ವಚನ ಆದ ತಿಂಗಳೊಳಗೆ ಆ ಸಹಿ ಹಾಳೆ ಹಿಡಿದು ಹೋಗಿ, ಯಾವ ಕೆಲಸ ಯಾವಾಗ ಅಂತ ದಿನಾಂಕ ಬರೆಸಿಕೊಳ್ಳಿ. ಆರು ತಿಂಗಳಿಗೊಮ್ಮೆ ಸಂಘದ ಸಭೆಗೆ ಕರೆದು ಲೆಕ್ಕ ಕೇಳಿ. ಸೋತರೆ, ಗೆದ್ದವರ ಹತ್ತಿರ ಹೋಗಿ. ಅವರೂ ನಿಮ್ಮ ಸಭೆಗೆ ಬಂದು ಅದೇ ಹಾಳೆಗೆ ಉತ್ತರ ಬರೆದಿದ್ದರಲ್ಲ, ಆ ಪ್ರತಿಯನ್ನು ಮುಂದಿಡಿ. ಎಲ್ಲರನ್ನೂ ಕರೆಯಿರಿ ಅಂತ ಹೇಳಿದ್ದು ಇದಕ್ಕೂ ಸೇರಿಯೇ. ರಾಜಕೀಯ ನಿಧಿಯ ಜಮಾ ಖರ್ಚನ್ನು ಚುನಾವಣೆ ಮುಗಿದ ತಿಂಗಳ ಸಭೆಯಲ್ಲೇ ಓದಿ ಹೇಳಿ, ಉಳಿದ ಹಣ ಅದೇ ಖಾತೆಯಲ್ಲಿ ಇರಲಿ.